ಶಾಸಕರಾದ ಡಾಕ್ಟರರ ಎರಡು ಸಹಿ

ಬೆಳಗಾವಿ ಜಿಲ್ಲೆಯಲ್ಲಿ 18, ವಿಜಯಪುರದಲ್ಲಿ 8, ಬಾಗಲಕೋಟೆಯಲ್ಲಿ 7 ವಿಧಾನಸಭಾ ಕ್ಷೇತ್ರಗಳಿವೆ. ಚುನಾವಣೆ ಬಂತೆಂದರೆ ಟಿಕೆಟ್ ಕೇಳುವವರ ಸಾಲಿನಲ್ಲಿ ಡಾಕ್ಟರರೂ ಕಾಣುತ್ತಾರೆ. ತಾಲೂಕು ಊರಿನಲ್ಲಿ ಹದಿನೈದಿಪ್ಪತ್ತು ವರ್ಷ ದವಾಖಾನೆ ನಡೆಸಿದವರನ್ನು ಸುತ್ತಲಿನ ಪ್ರತಿ ಹಳ್ಳಿಯಲ್ಲೂ ಹೆಸರು ಹಿಡಿದು ಕರೆಯುವ ಮನೆಗಳಿರುತ್ತವೆ. ಖಾನಾಪುರದಿಂದ 2018ರಲ್ಲಿ ಗೆದ್ದ ಡಾ. ಅಂಜಲಿ ನಿಂಬಾಳ್ಕರ್ ವೈದ್ಯರೇ. ಇನ್ನೂ ಹಿಂದಕ್ಕೆ ಹೋದರೆ, 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಸ್ವಯಂಸೇವಕರ ಪಡೆ ಕಟ್ಟಿ ನಿಲ್ಲಿಸಿದ ನಾ.ಸು. ಹರ್ಡೀಕರರೂ ವೈದ್ಯರು, ಮುಂದೆ ಹತ್ತು ವರ್ಷ ರಾಜ್ಯಸಭೆಯಲ್ಲಿದ್ದರು.

ಹೀಗೆ ಹೊರಟವರು ಮೊದಲು ಕೇಳುವ ಮಾತು ಒಂದೇ: "ಆರಿಸಿ ಬಂದ ಮ್ಯಾಲೆ ದವಾಖಾನಿ ಮುಚ್ಚಬೇಕೇನ್ರಿ?" ಮುಚ್ಚಬೇಕಿಲ್ಲ. ಖಾಸಗಿ ವೈದ್ಯವೃತ್ತಿ ಶಾಸಕರು ಹಿಡಿಯಬಾರದೆಂದು ಸಂವಿಧಾನ ಹೇಳುವ ಲಾಭದ ಹುದ್ದೆಯಲ್ಲ. ಪಶ್ಚಿಮ ಬಂಗಾಳದ ಬಿ.ಸಿ. ರಾಯ್ 1948ರಿಂದ 1962ರಲ್ಲಿ ತೀರಿಕೊಳ್ಳುವವರೆಗೆ ಮುಖ್ಯಮಂತ್ರಿಯಾಗಿದ್ದರೂ ಬೆಳಗಿನ ಹೊತ್ತು ರೋಗಿಗಳನ್ನು ಉಚಿತವಾಗಿ ನೋಡುತ್ತಿದ್ದರು. ಆದರೆ ಆ ಮಾದರಿಯನ್ನು ಇಂಡಿಯಲ್ಲೋ ಹುನಗುಂದದಲ್ಲೋ ಇರುವ ಇಪ್ಪತ್ತು ಹಾಸಿಗೆಯ ದವಾಖಾನೆಗೆ ಹಾಗೆಯೇ ತರಲು ಬರುವುದಿಲ್ಲ. ಬೆಳಿಗ್ಗೆ ಕೂತು ಸಲಹೆ ಕೊಡುವುದು ಬೇರೆ, ರಾತ್ರಿ ಎರಡಕ್ಕೆ ಹೆರಿಗೆ ಮಾಡಿಸುವುದು ಬೇರೆ. ಇಂಥ ದವಾಖಾನೆಗಳಲ್ಲಿ ಕೆಟ್ಟುಹೋಗುವ ಕೆಲಸಗಳನ್ನು ಬಿಡಿಸಿ ನೋಡಿದರೆ ಹೆಚ್ಚಿನವು ಒಂದೇ ಕಡೆ ಬಂದು ನಿಲ್ಲುತ್ತವೆ: ಡಾಕ್ಟರರಾಗಿ ಹಾಕುವ ಸಹಿ, ಜನಪ್ರತಿನಿಧಿಯಾಗಿ ಹಾಕುವ ಸಹಿ, ಎರಡೂ ಒಂದರೊಳಗೊಂದು ಕಲೆತಿರುತ್ತವೆ.

ನಾಮಪತ್ರಕ್ಕಿಂತ ಮೊದಲಿನದು ನೋಡೋಣ. ಸರ್ಕಾರಿ ಸೇವೆಯಲ್ಲಿದ್ದರೆ ರಾಜೀನಾಮೆ ಕೊಟ್ಟರಷ್ಟೇ ಸಾಲದು, ಅದು ಅಂಗೀಕಾರವಾದ ಆದೇಶ ಕೈಯಲ್ಲಿರಬೇಕು. ಅರ್ಹತೆಯನ್ನು ನೋಡುವುದು ನಾಮಪತ್ರ ಪರಿಶೀಲನೆಯ ದಿನಕ್ಕೆ. ಅಂದು ನೀವಿನ್ನೂ ನೌಕರರಾಗಿದ್ದರೆ ಅರ್ಜಿ ತಿರಸ್ಕೃತ. ಸ್ವಯಂ ನಿವೃತ್ತಿಗೆ ಮೂರು ತಿಂಗಳ ನೋಟಿಸ್ ಬೇಕು, ಇಲಾಖಾ ವಿಚಾರಣೆ ಬಾಕಿಯಿದ್ದರೆ ಅಂಗೀಕಾರ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಚುನಾವಣೆಗೆ ಆರು ತಿಂಗಳ ಮೊದಲೇ ಈ ಕಡತ ಓಡಬೇಕು. ಟಿಕೆಟ್ ಖಾತ್ರಿಯಾಗಲಿ, ಆಮೇಲೆ ರಾಜೀನಾಮೆ ಎಂದು ಕೂತವರಿಗೆ ಹೊತ್ತು ಸಿಗುವುದಿಲ್ಲ.

ಖಾಸಗಿ ವೈದ್ಯರು ನೋಡಿಕೊಳ್ಳಬೇಕಾದದ್ದು ಪ್ರಜಾಪ್ರತಿನಿಧಿ ಕಾಯ್ದೆಯ 9ಎ ಕಲಮು. ಸರ್ಕಾರಕ್ಕೆ ಸರಕು ಪೂರೈಸುವ ಅಥವಾ ಸರ್ಕಾರದ ಕಾಮಗಾರಿ ಮಾಡುವ ಒಪ್ಪಂದ ಚಾಲ್ತಿಯಲ್ಲಿದ್ದರೆ ಅನರ್ಹತೆ. ದವಾಖಾನೆಯ ಜೊತೆಗಿರುವ ಔಷಧ ಏಜೆನ್ಸಿ ನಿಮ್ಮ ಹೆಸರಿನಲ್ಲಿದ್ದು ಸರ್ಕಾರಕ್ಕೆ ಗುಳಿಗೆ, ಸಲೈನ್ ಪೂರೈಸುತ್ತಿದ್ದರೆ ಅದು ನೇರವಾಗಿ ಇದರ ಬಾಯಿಗೆ ಬೀಳುತ್ತದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ನೋಂದಾಯಿಸಿಕೊಂಡು ಚಿಕಿತ್ಸೆ ಕೊಡುವುದು ಸರಕು ಪೂರೈಕೆಯಲ್ಲ, ಸೇವೆ. ಕಲಮಿನ ಅಕ್ಷರದಲ್ಲಿ ಸೇವೆ ಇಲ್ಲ. ಆದರೂ ಎದುರಾಳಿಯ ವಕೀಲರು ಆ ಒಪ್ಪಂದಪತ್ರವನ್ನೇ ಹಿಡಿದು ಬರುತ್ತಾರೆ. ಚುನಾವಣಾ ಕಾನೂನು ಬಲ್ಲ ವಕೀಲರಿಂದ ಲಿಖಿತ ಅಭಿಪ್ರಾಯ ತೆಗೆದುಕೊಂಡು ಕಡತದಲ್ಲಿಡುವುದು ಲೇಸು. ನಾಮಪತ್ರದ ಜೊತೆ ಕೊಡುವ ನಮೂನೆ 26ರ ಪ್ರಮಾಣಪತ್ರದಲ್ಲಿ ಸರ್ಕಾರದೊಂದಿಗಿನ ಒಪ್ಪಂದಗಳನ್ನು, ಆದಾಯದ ಮೂಲಗಳನ್ನು ಬರೆಯಬೇಕು. ದವಾಖಾನೆ ಟ್ರಸ್ಟಿನದೋ ಪತ್ನಿಯದೋ ಪಾಲುದಾರಿಕೆಯದೋ ಎಂಬುದು ಅಲ್ಲಿ ಕಾಗದದಲ್ಲಿರುವಂತೆಯೇ ಬರಬೇಕು.

ಪ್ರಚಾರದ ಕಾಲದಲ್ಲಿ ಎಡವುವುದು ಉಚಿತ ಆರೋಗ್ಯ ಶಿಬಿರದಲ್ಲಿ. ವರ್ಷಗಳಿಂದ ಪ್ರತಿ ಅಮವಾಸ್ಯೆಗೆ ಉಚಿತವಾಗಿ ನೋಡುತ್ತ ಬಂದಿದ್ದೇವೆ, ಈಗೇಕೆ ನಿಲ್ಲಿಸಬೇಕು ಎಂಬ ವಾದದಲ್ಲಿ ಪ್ರಾಮಾಣಿಕತೆ ಇದೆ. ಆದರೆ ಪ್ರಜಾಪ್ರತಿನಿಧಿ ಕಾಯ್ದೆಯ 123ನೇ ಕಲಮಿನ ಪ್ರಕಾರ ಮತಕ್ಕಾಗಿ ಕೊಟ್ಟ ಯಾವ ಉಪಕಾರವೂ ಲಂಚವೇ. ಅಭ್ಯರ್ಥಿಯ ಹೆಸರಿನ ಬ್ಯಾನರಿನ ಕೆಳಗೆ ಕೊಟ್ಟ ಕನ್ನಡಕವನ್ನು ಮತಕ್ಕಾಗಿ ಕೊಟ್ಟದ್ದಲ್ಲವೆಂದು ಕೋರ್ಟಿನಲ್ಲಿ ಬಿಡಿಸಿ ಹೇಳುವುದು ಕಷ್ಟ. ನೀತಿಸಂಹಿತೆ ಜಾರಿಯಾದ ದಿನ ಶಿಬಿರ ನಿಲ್ಲಲಿ. ದವಾಖಾನೆಯ ದಿನನಿತ್ಯದ ಹೊರರೋಗಿ ವಿಭಾಗ ಎಂದಿನ ದರದಲ್ಲಿ ನಡೆಯಲಿ. ದರವನ್ನು ಏರಿಸಲೂಬೇಡಿ, ಇಳಿಸಲೂಬೇಡಿ. ಆಂಬುಲೆನ್ಸ್ ಮೇಲೆ ಪಕ್ಷದ ಧ್ವಜ ಬೇಡ, ಔಷಧ ಚೀಟಿಯ ಮೇಲೆ ಚಿಹ್ನೆ ಬೇಡ. ಪ್ರಾಥಮಿಕ ಆರೋಗ್ಯ ಕೇಂದ್ರದ ಹಳೆಯ ಶಿಷ್ಯರನ್ನು, ಸರ್ಕಾರಿ ನರ್ಸುಗಳನ್ನು ಪ್ರಚಾರಕ್ಕೆ ಕರೆಯಬೇಡಿ. ನಿಗದಿತ ವರ್ಗಗಳ ಸರ್ಕಾರಿ ನೌಕರರ ನೆರವು ಪಡೆಯುವುದು ಅದೇ ಕಲಮಿನಲ್ಲಿ ಭ್ರಷ್ಟಾಚಾರವೆನಿಸುತ್ತದೆ, ಏಜೆಂಟರಾಗಿ ಕೂತ ನೌಕರರಿಗೂ ಶಿಕ್ಷೆಯಿದೆ. ವಿಧಾನಸಭಾ ಅಭ್ಯರ್ಥಿಯ ವೆಚ್ಚದ ಮಿತಿ 40 ಲಕ್ಷ. ಅದಕ್ಕೆ ಬೇರೆಯದೇ ಬ್ಯಾಂಕ್ ಖಾತೆ ಬೇಕು. ದವಾಖಾನೆಯ ಗಲ್ಲಾದಿಂದ ಪ್ರಚಾರದ ವಾಹನಕ್ಕೆ ಡೀಸೆಲ್ ಹಾಕಿಸಿದರೆ ಎರಡೂ ಲೆಕ್ಕ ಕೆಡುತ್ತದೆ. ಫಲಿತಾಂಶದ ನಂತರ 30 ದಿನದೊಳಗೆ ಲೆಕ್ಕ ಒಪ್ಪಿಸಬೇಕು.

ಗೆದ್ದ ಮೇಲಿನದು ಹೊತ್ತಿನ ಲೆಕ್ಕ. ಬೆಂಗಳೂರಿನಲ್ಲಿ ಬಜೆಟ್ ಅಧಿವೇಶನ, ಮಳೆಗಾಲದ ಅಧಿವೇಶನ, ಡಿಸೆಂಬರಿನ ಸುಮಾರಿಗೆ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ್ದು, ನಡುವೆ ಸಮಿತಿ ಸಭೆಗಳು. ವಿಜಯಪುರ, ಬಾಗಲಕೋಟೆಯವರಿಗೆ ಗೋಲಗುಂಬಜ್ ಎಕ್ಸ್‌ಪ್ರೆಸ್, ಬೆಳಗಾವಿಯವರಿಗೆ ರಾಣಿ ಚನ್ನಮ್ಮ ಎಕ್ಸ್‌ಪ್ರೆಸ್ ಎಂದರೆ ಹೋಗಿ ಬರುವುದಕ್ಕೇ ಎರಡು ರಾತ್ರಿ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಡವಳಿಕೆ ನಿಯಮಗಳು ಇಂದಿಗೂ ಚಾಲ್ತಿಯಲ್ಲಿವೆ. ಒಮ್ಮೆ ಕೈಗೆ ತೆಗೆದುಕೊಂಡ ರೋಗಿಯನ್ನು ಅಲಕ್ಷಿಸಬಾರದು, ರೋಗಿಗೂ ಮನೆಯವರಿಗೂ ಸಾಕಷ್ಟು ಮೊದಲೇ ತಿಳಿಸದೆ ಕೈಬಿಡಬಾರದು ಎಂದು ಅವು ಹೇಳುತ್ತವೆ. "ಸಾಹೇಬ್ರ ಬೆಂಗಳೂರಿಗೆ ಹೋಗ್ಯಾರ, ಮುಂದಿನ ವಾರ ಬರ್ರಿ" ಎಂದು ಕಂಪೌಂಡರ್ ಬಾಗಿಲಲ್ಲಿ ಹೇಳುವುದು ಮೊದಲೇ ತಿಳಿಸಿದಂತೆ ಆಗುವುದಿಲ್ಲ.

ಆದ್ದರಿಂದ ಅಧಿವೇಶನದ ದಿನಾಂಕ ಗೊತ್ತಾದ ದಿನವೇ ರೋಗಿಗಳ ಪಟ್ಟಿ ತೆಗೆಯಬೇಕು. ಎಲ್ಲಕ್ಕಿಂತ ಮೊದಲು ಗರ್ಭಿಣಿಯರು. ದಿನ ತುಂಬುವ ತಾರೀಖು ಒಂದೇ ಅಲ್ಲ, 37ರಿಂದ 42 ವಾರದ ಅವಧಿಯಲ್ಲಿ ಯಾವ ದಿನ ಅಧಿವೇಶನಕ್ಕೆ ತಾಗಿದರೂ ಆ ಹೆಸರು ಪಟ್ಟಿಗೆ ಬರಲಿ. ಹೆರಿಗೆ ಮಾಡಿಸುವವರು ಯಾರು ಎಂದು 28ನೇ ವಾರದ ತಪಾಸಣೆಯಲ್ಲೇ ತಿಳಿಸಿ, ಆ ವೈದ್ಯರ ಮುಖವನ್ನು ಒಮ್ಮೆ ತೋರಿಸಿ. ಒಂಬತ್ತನೇ ತಿಂಗಳಲ್ಲಿ ಅಪರಿಚಿತರ ಕೈಗೆ ಒಪ್ಪಿಸಿದರೆ ಹೆಣ್ಣುಮಕ್ಕಳು ಹೆದರುತ್ತಾರೆ, ಆ ಹೆದರಿಕೆಯಲ್ಲಿ ತಡವಾಗಿ ಬರುತ್ತಾರೆ. ಶಸ್ತ್ರಚಿಕಿತ್ಸೆಯ ನಂತರದ ರಕ್ತಸ್ರಾವ ಹೆಚ್ಚಾಗಿ ಮೊದಲ 24 ಗಂಟೆಯಲ್ಲಿ ಆಗುತ್ತದೆ, ಗಾಯದ ಸೋಂಕು ಐದರಿಂದ ಏಳನೇ ದಿನದ ಸುಮಾರಿಗೆ ತಲೆ ಎತ್ತುತ್ತದೆ. ಹೊರಡುವುದಕ್ಕೆ ಏಳು ದಿನ ಇರುವಾಗಲೇ ತುರ್ತಲ್ಲದ ಆಪರೇಷನ್ ನಿಲ್ಲಿಸುವುದು ಇದಕ್ಕೇ. ಮೂರ್ಛೆರೋಗ, ಸಕ್ಕರೆ ಕಾಯಿಲೆ, ರಕ್ತದೊತ್ತಡದವರಿಗೆ ನೀವು ಮರಳುವ ದಿನಕ್ಕೆ ಎರಡು ವಾರ ಸೇರಿಸಿ ಗುಳಿಗೆ ಬರೆಯಿರಿ. ಮೂರ್ಛೆಯ ಗುಳಿಗೆ ಮೂರು ದಿನ ತಪ್ಪಿದರೂ ಫಿಟ್ಸ್ ಮರುಕಳಿಸಬಹುದು. ಕ್ಷಯದವರನ್ನು ಕ್ಷಯರೋಗಿಗಳ ಸರ್ಕಾರಿ ಜಾಲತಾಣವಾದ ನಿಕ್ಷಯ್‌ನಲ್ಲಿ ದಾಖಲಿಸಿ ಸರ್ಕಾರಿ ಕೇಂದ್ರದೊಂದಿಗೆ ಜೋಡಿಸಿದರೆ ಆರು ತಿಂಗಳ ಚಿಕಿತ್ಸೆ ನಿಮ್ಮೊಬ್ಬರ ಹಾಜರಿಯ ಮೇಲೆ ನಿಲ್ಲುವುದಿಲ್ಲ.

ಬೋರ್ಡಿನ ಮೇಲಿನ ಹೆಸರು ನೋಡಿ ಓಡಿ ಬರುವ ತುರ್ತು ರೋಗಿಗಳನ್ನು ಮರೆಯುವಂತಿಲ್ಲ. ಕಬ್ಬು ಕಡಿಯುವ ಕಾಲದಲ್ಲಿ ಹಾವು ಕಡಿದವರನ್ನು ಟ್ರ್ಯಾಕ್ಟರಿನಲ್ಲಿ ತಂದು ಇಳಿಸುತ್ತಾರೆ. ಮೊದಲಿಗೆ ಬೇಕಾಗುವುದು 8ರಿಂದ 10 ವಯಲ್ ವಿಷಪ್ರತಿರೋಧಕ, ಅದು ಮೈಗೆ ಒಗ್ಗದಿದ್ದರೆ ಸಂಭಾಳಿಸಲು ಅಡ್ರಿನಲಿನ್, ಮತ್ತು ಅದನ್ನು ಕೊಡಬಲ್ಲ ವೈದ್ಯರು. ನೀವಿಲ್ಲದ ದಿನ ಇವು ಇಲ್ಲದಿದ್ದರೆ ಗೇಟಿನಲ್ಲೇ ಹೇಳಿ ಜಿಲ್ಲಾ ಆಸ್ಪತ್ರೆಗೆ ಕಳಿಸಬೇಕು. ಒಳಗೆ ಮಲಗಿಸಿ ಫೋನಿನಲ್ಲಿ ಸಾಹೇಬರನ್ನು ಹುಡುಕುತ್ತ ಕಳೆದ ಅರ್ಧ ಗಂಟೆ ಮರಳಿ ಬರುವುದಿಲ್ಲ.

ಇನ್ನು ಸಹಿ ಮಾಡಿಟ್ಟ ಖಾಲಿ ಚೀಟಿ. ಹೊರಡುವ ಮುನ್ನ ಪ್ಯಾಡಿನ ಇಪ್ಪತ್ತು ಹಾಳೆಗೆ ಸಹಿ ಹಾಕಿ ಸಹಾಯಕರ ಕೈಗೆ ಕೊಡುವ ರೂಢಿ ಅಲ್ಲಲ್ಲಿ ಇದೆ. ಇದಕ್ಕಿಂತ ಕೆಟ್ಟ ಏರ್ಪಾಡು ಇನ್ನೊಂದಿಲ್ಲ. ಆ ಹಾಳೆಯಲ್ಲಿ ಬರೆದ ಪ್ರತಿ ಔಷಧಕ್ಕೂ ನೀವೇ ಹೊಣೆ, ರೋಗಿಯನ್ನು ನೋಡಿದವರು ಬೇರೆಯವರು. ಅಂದು ನೀವು ಸದನದಲ್ಲಿದ್ದಿರಿ ಎಂಬುದಕ್ಕೆ ಹಾಜರಿ ಪುಸ್ತಕವೇ ಸಾಕ್ಷಿ. ಶಾಸಕರಲ್ಲದ ಡಾಕ್ಟರರಿಗೆ ಈ ಅಪಾಯ ಇಷ್ಟು ಬಿಗಿಯಾಗಿರುವುದಿಲ್ಲ. ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ನೋಂದಾಯಿತರಾದ ಬದಲಿ ವೈದ್ಯರನ್ನು ಕೂಡಿಸಿ, ಅವರ ಪ್ಯಾಡಿನಲ್ಲಿ ಅವರದೇ ಹೆಸರು, ನೋಂದಣಿ ಸಂಖ್ಯೆ, ಸಹಿ ಇರಲಿ. ಹಳೆಯ ರೋಗಿಯೊಡನೆ ಬೆಂಗಳೂರಿನಿಂದ ಫೋನಿನಲ್ಲಿ ಮಾತನಾಡಿ ಔಷಧ ಬರೆಯಲು 2020ರ ಟೆಲಿಮೆಡಿಸಿನ್ ಮಾರ್ಗಸೂಚಿಯಲ್ಲಿ ಅವಕಾಶವಿದೆ. ಆದರೆ ಚೀಟಿಯ ಪ್ರತಿ ಉಳಿಯಬೇಕು, ಮಾದಕ ವರ್ಗದ ಔಷಧಗಳನ್ನು ಹಾಗೆ ಬರೆಯುವಂತಿಲ್ಲ.

ಸ್ಕ್ಯಾನಿಂಗ್ ಯಂತ್ರವಿದ್ದರೆ ಇನ್ನೂ ಎಚ್ಚರ ಬೇಕು. ಭ್ರೂಣಲಿಂಗ ಪತ್ತೆ ತಡೆ ಕಾಯ್ದೆಯಡಿ ಪ್ರತಿ ಗರ್ಭಿಣಿಯ ಸ್ಕ್ಯಾನಿಗೆ ಎಫ್ ನಮೂನೆ ಪೂರ್ತಿ ತುಂಬಬೇಕು, ತಿಂಗಳ ವರದಿ ಮುಂದಿನ ತಿಂಗಳ 5ರೊಳಗೆ ಹೋಗಬೇಕು. ಸ್ಕ್ಯಾನ್ ಮಾಡುವ ವೈದ್ಯರು ಬದಲಾಗುವುದಿದ್ದರೆ 30 ದಿನ ಮೊದಲೇ ಸಕ್ಷಮ ಪ್ರಾಧಿಕಾರಕ್ಕೆ ತಿಳಿಸಬೇಕು, ಒಬ್ಬ ವೈದ್ಯರು ಒಂದು ಜಿಲ್ಲೆಯಲ್ಲಿ ಎರಡಕ್ಕಿಂತ ಹೆಚ್ಚು ಕೇಂದ್ರಗಳಲ್ಲಿ ಹೆಸರು ಕೊಡುವಂತಿಲ್ಲ. ಅಧಿವೇಶನ ಶುರುವಾದ ಮೇಲೆ ಪಕ್ಕದ ಊರಿನ ರೇಡಿಯಾಲಜಿಸ್ಟರನ್ನು ಕರೆಸಿದರೆ ನಿಯಮ ಆಗಲೇ ಮುರಿದಿರುತ್ತದೆ. ಎಫ್ ನಮೂನೆಯ ಖಾಲಿ ಜಾಗಗಳನ್ನು ಬರೀ ಗುಮಾಸ್ತರ ಮರೆವೆಂದು ತಳ್ಳಿಹಾಕಲಾಗದು ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಸ್ಪಷ್ಟಪಡಿಸಿದೆ. ಮೊದಲ ಅಪರಾಧಕ್ಕೆ ಮೂರು ವರ್ಷದವರೆಗೆ ಸೆರೆವಾಸವಿದೆ. ನ್ಯಾಯಾಲಯ ಆರೋಪ ಹೊರಿಸಿದರೆ ವೈದ್ಯಕೀಯ ನೋಂದಣಿ ಅಮಾನತಾಗಬಹುದು; ಎರಡು ವರ್ಷ ಅಥವಾ ಹೆಚ್ಚಿನ ಶಿಕ್ಷೆಯಾದರೆ ಶಾಸಕ ಸ್ಥಾನವೂ ಹೋಗುತ್ತದೆ. ಅಧಿವೇಶನದ ದಿನಗಳಲ್ಲಿ ಯಂತ್ರಕ್ಕೆ ಬೀಗ ಹಾಕಿ ಕೀಲಿಯನ್ನು ನೋಂದಾಯಿತ ವೈದ್ಯರ ಬಳಿ ಮಾತ್ರ ಇಡುವುದು ಉತ್ತಮ.

ಹಳ್ಳಿಯಲ್ಲಿ ಎರಡು ಪಂಗಡ ಹೊಡೆದಾಡಿದರೆ ಒಂದು ಕಡೆಯವರು ನೇರ ನಿಮ್ಮ ದವಾಖಾನೆಗೇ ಬರುತ್ತಾರೆ. ರಕ್ತ ನಿಲ್ಲಿಸಿ, ಹೊಲಿಗೆ ಹಾಕಿ, ಪೊಲೀಸರಿಗೆ ತಿಳಿಸಿ. ಅಲ್ಲಿಗೆ ನಿಮ್ಮ ಕೆಲಸ ಸಾಕು. ಗಾಯದ ಪ್ರಮಾಣಪತ್ರ ಬರೆಯಲು ತಾಲೂಕು ಆಸ್ಪತ್ರೆಗೆ ಕಳಿಸಿ. ಗಾಯ ಸಾದಾ ಎಂದು ಬರೆದರೆ ಒಂದು ಕಲಮು, ತೀವ್ರ ಎಂದು ಬರೆದರೆ ಇನ್ನೊಂದು. ಹಲ್ಲು ಮುರಿದರೆ, ಎಲುಬು ಮುರಿದರೆ ಅದು ತೀವ್ರ ಗಾಯ; ಹದಿನೈದು ದಿನ ವಿಪರೀತ ನೋವುಂಡರೂ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು ತೀವ್ರ ಗಾಯವೇ. ಆ ಒಂದು ಪದದ ಮೇಲೆ ಎದುರು ಕಡೆಯವರ ಜಾಮೀನು ನಿಂತಿರುತ್ತದೆ. ನೀವು ನಿಜವನ್ನೇ ಬರೆದರೂ ಶಾಸಕರ ಸಹಿಯಿರುವ ಪ್ರಮಾಣಪತ್ರವನ್ನು ಎದುರು ಪಂಗಡದವರು ಯಾರೂ ನಂಬುವುದಿಲ್ಲ, ನಿಜವಾಗಿ ಪೆಟ್ಟು ತಿಂದವರಿಗೇ ಅದರಿಂದ ನಷ್ಟ.

ದಿನದ ಕೆಲಸದಲ್ಲಿ ದೊಡ್ಡ ತೊಡಕು ಎಂದರೆ ರೋಗಿಗಳೂ ಅರ್ಜಿದಾರರೂ ಒಂದೇ ಬೆಂಚಿನಲ್ಲಿ ಕೂರುವುದು. ಜ್ವರದ ಕೂಸನ್ನು ಎತ್ತಿಕೊಂಡ ತಾಯಿಯ ಮುಂದೆ ವರ್ಗಾವಣೆ ಪತ್ರದವರು ನುಗ್ಗುತ್ತಾರೆ. ಹೊತ್ತು ಬೇರೆ ಮಾಡಿದರೆ ಸಾಲದು, ಜಾಗವೇ ಬೇರೆಯಾಗಬೇಕು: ಬೇರೆ ಬಾಗಿಲು, ಬೇರೆ ಫೋನ್ ನಂಬರ್, ಬೇರೆ ರಿಜಿಸ್ಟರ್, ಸಾಧ್ಯವಿದ್ದರೆ ಬೇರೆ ಓಣಿ. ಊರಿನ ಸಂತೆಯ ದಿನ ಪೂರ್ತಿ ರೋಗಿಗಳಿಗೇ ಮೀಸಲಿರಲಿ, ಸುತ್ತಲಿನ ಹಳ್ಳಿಯವರು ಬರುವುದು ಅಂದೇ. ಕಾರ್ಯಕರ್ತರು ತಪಾಸಣೆ ಕೋಣೆಯೊಳಗೆ ಕೂರುವುದು ತಕ್ಷಣ ನಿಲ್ಲಬೇಕು. ಒಬ್ಬರ ಗರ್ಭಪಾತ, ಇನ್ನೊಬ್ಬರ ಎಚ್‌ಐವಿ, ಮತ್ತೊಬ್ಬರ ಕುಡಿತ ಅಲ್ಲಿ ಕಿವಿಗೆ ಬಿದ್ದರೆ ಸಂಜೆಯೊಳಗೆ ಚಹಾದಂಗಡಿಯಲ್ಲಿರುತ್ತದೆ. ವಾರ್ಡಿನಲ್ಲಿ ರೋಗಿಯ ಜೊತೆ ಫೋಟೊ ಬೇಡ, ಅವರೇ ಕೇಳಿದರೂ ಬೇಡ. ವಿರೋಧ ಪಕ್ಷದ ಮನೆಯವರು ಬರುವುದನ್ನು ಬಿಟ್ಟರೆ ಅವರ ಕಡತದ ಪ್ರತಿ ಕೇಳಿದ 72 ಗಂಟೆಯೊಳಗೆ ಕೊಡಿ, ಅದು ನಿಯಮ. ಮುಂದಿನ ವೈದ್ಯರಿಗೆ ನಾಲ್ಕು ಸಾಲಿನ ಪತ್ರವನ್ನೂ ಬರೆದುಕೊಡಿ, ಅದು ವೃತ್ತಿಯ ಮರ್ಯಾದೆ.

ತಾಲೂಕು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಗೆ ಶಾಸಕರೇ ಅಧ್ಯಕ್ಷರು. ಅಲ್ಲಿ ಅರಿವಳಿಕೆ ತಜ್ಞರಿಲ್ಲದಿದ್ದರೆ ಸಿಸೇರಿಯನ್ ಆಗಬೇಕಾದವರು ಊರಿನ ಖಾಸಗಿ ದವಾಖಾನೆಗೆ, ಅಂದರೆ ನಿಮ್ಮಲ್ಲಿಗೇ ಬರುತ್ತಾರೆ. ಸರ್ಕಾರಿ ಆಸ್ಪತ್ರೆಯ ಕೊರತೆ ನಿಮ್ಮ ಗಲ್ಲಾಕ್ಕೆ ಲಾಭವಾಗುವ ಜಾಗವಿದು, ಇದನ್ನು ಮುಚ್ಚಿಡಬಾರದು. ಮೊದಲ ಸಭೆಯಲ್ಲೇ ನಿಮ್ಮ ದವಾಖಾನೆಯ ವಿವರವನ್ನು ನಡಾವಳಿಯಲ್ಲಿ ಬರೆಸಿ. ಅಲ್ಲಿಂದ ನಿಮ್ಮಲ್ಲಿಗೆ ಬಂದ ರೋಗಿಗಳ ಸಂಖ್ಯೆಯನ್ನು ಪ್ರತಿ ಸಭೆಯಲ್ಲೂ ಓದಿಸಿ. ಆ ಸಂಖ್ಯೆ ಇಳಿಯುತ್ತ ಬಂದರೆ ನೀವು ಶಾಸಕರಾದದ್ದು ಆಸ್ಪತ್ರೆಗೆ ಉಪಕಾರವಾಯಿತು. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಖಾಸಗಿ ವೈದ್ಯಕೀಯ ಸಂಸ್ಥೆಗಳ ನೋಂದಣಿ ಪ್ರಾಧಿಕಾರದಿಂದ ತಪಾಸಣೆಗೆ ಬಂದರೆ ಯಾರಿಗೂ ಫೋನ್ ಮಾಡಬೇಡಿ, ಕಡತ ತೋರಿಸಿ. ಮಂತ್ರಿಯಾದರೆ ಲೆಕ್ಕವೇ ಬೇರೆ. ಮಂತ್ರಿಗಳ ನೀತಿಸಂಹಿತೆಯಂತೆ ವ್ಯವಹಾರದ ಆಡಳಿತದಿಂದ ಪೂರ್ತಿ ಹೊರಬರಬೇಕು, ಸರ್ಕಾರಕ್ಕೆ ಸರಕು ಅಥವಾ ಸೇವೆ ಕೊಡುವ ಸಂಸ್ಥೆಯಾದರೆ ಪಾಲನ್ನೂ ಬಿಡಬೇಕು. ಆಯುಷ್ಮಾನ್ ಒಪ್ಪಂದ ಇಲ್ಲಿ ಮತ್ತೆ ಎದುರಿಗೆ ಬರುತ್ತದೆ. ಪ್ರತಿ ವರ್ಷ ಜೂನ್ 30ರೊಳಗೆ ಲೋಕಾಯುಕ್ತಕ್ಕೆ ಕೊಡುವ ಆಸ್ತಿ ವಿವರದಲ್ಲಿ ದವಾಖಾನೆಯ ಸಾಲ, ಯಂತ್ರಗಳ ಬೆಲೆ ಎಲ್ಲ ಸೇರಬೇಕು.

ವೈದ್ಯರು ಜಾಹೀರಾತು ಕೊಡುವಂತಿಲ್ಲವಾದರೂ ತಾತ್ಕಾಲಿಕ ಗೈರುಹಾಜರಿಯನ್ನೂ ಮರಳಿ ಬಂದದ್ದನ್ನೂ ಪತ್ರಿಕೆಯಲ್ಲಿ ಪ್ರಕಟಿಸಲು 2002ರ ನಿಯಮಗಳೇ ಅವಕಾಶ ಕೊಟ್ಟಿವೆ. ಈ ಸೌಲಭ್ಯವನ್ನು ಬಳಸುವವರು ಕಡಿಮೆ. ಹದಿನೈದು ದಿನ ಮೊದಲು ಬಾಗಿಲಿಗೂ ಸ್ಥಳೀಯ ಪತ್ರಿಕೆಗೂ ಇಷ್ಟು ಸಾಕು: ಯಾವ ದಿನದಿಂದ ಯಾವ ದಿನದವರೆಗೆ ಡಾಕ್ಟರರು ಇರುವುದಿಲ್ಲ, ಬದಲಿಗೆ ನೋಡುವವರ ಹೆಸರು ಮತ್ತು ನೋಂದಣಿ ಸಂಖ್ಯೆ, ಹೆರಿಗೆಗೆ ಎಲ್ಲಿಗೆ, ಹಾವು ಕಡಿದರೆ, ವಿಷ ಕುಡಿದರೆ ಎಲ್ಲಿಗೆ. ಕಾರಣ ಬರೆಯಬೇಡಿ, ಪಕ್ಷದ ಬಣ್ಣ ಬಳಸಬೇಡಿ, ಶಾಸಕರು ಎಂಬ ಪದವೂ ಬೇಡ. ಅಕ್ಷರ ದೊಡ್ಡದಿರಲಿ. ಓದಲು ಬರದವರಿಗೆ ಬಾಯಿಮಾತಿನಲ್ಲಿ ತಿಳಿಸುವ ಕೆಲಸವನ್ನು ಚೀಟಿ ಬರೆಯುವ ಹುಡುಗನಿಗೆ ಹೆಸರು ಹಿಡಿದು ಒಪ್ಪಿಸಿ.

ವೈದ್ಯಕೀಯ ನೋಂದಣಿಯ ನವೀಕರಣವೂ ಐದು ವರ್ಷಕ್ಕೊಮ್ಮೆ ಬರುತ್ತದೆ, ಅಷ್ಟರಲ್ಲಿ 30 ಗಂಟೆಯ ವೈದ್ಯಕೀಯ ಮರುಶಿಕ್ಷಣ ಆಗಿರಬೇಕು. ವರ್ಷಕ್ಕೆ ಆರು ಗಂಟೆ. ಬೆಳಗಾವಿ, ವಿಜಯಪುರ, ಬಾಗಲಕೋಟೆ ಮೂರರಲ್ಲೂ ವೈದ್ಯಕೀಯ ಕಾಲೇಜುಗಳಿವೆ, ದೂರ ಹೋಗಬೇಕಿಲ್ಲ. ಉದ್ಘಾಟನೆಗೆ ಕರೆದಾಗ ದೀಪ ಹಚ್ಚಿ ಎದ್ದು ಹೋಗದೆ, ಮೊದಲ ಸಾಲಿನಿಂದ ಮೂರನೇ ಸಾಲಿಗೆ ಸರಿದು ಸಂಜೆಯವರೆಗೆ ಕೂತು, ಹಾಜರಿ ಹಾಳೆಗೆ ಡಾಕ್ಟರರಾಗಿ ಸಹಿ ಹಾಕಿ ಬನ್ನಿ.