ಫುಲ್ ಎ ಪ್ಲಸ್ ಬಂದರೆ ಐಫೋನ್: ಇದರಿಂದ ಮಗ ಓದುತ್ತಾನಾ?

ಪ್ರಶ್ನೆ: ಮಗ ಈ ವರ್ಷ ಹತ್ತನೇ ಕ್ಲಾಸು. ಫುಲ್ ಎ ಪ್ಲಸ್ (ಎಲ್ಲ ವಿಷಯದಲ್ಲೂ ಎ ಪ್ಲಸ್ ಗ್ರೇಡ್) ಬಂದರೆ ಐಫೋನ್ ಕೊಡಿಸುತ್ತೇನೆ ಎಂದು ಅವನ ಅಪ್ಪ ದುಬೈಯಿಂದ ಫೋನಿನಲ್ಲಿ ಹೇಳಿದ್ದಾರೆ. ಇದರಿಂದ ಅವನು ಓದುತ್ತಾನಾ, ಹಾಳಾಗುತ್ತಾನಾ? (ಕೇರಳದ ಕಾಸರಗೋಡಿನ ಬದಿಯಡ್ಕದಿಂದ ಒಬ್ಬ ತಾಯಿ)

ಜೂನಿನಲ್ಲಿ ಶಾಲೆ ಶುರುವಾಯಿತೆಂದರೆ ಈ ಪ್ರಶ್ನೆಯೂ ಶುರು. ಒಂದು ಕಾಲದಲ್ಲಿ ಸೈಕಲ್ ಇತ್ತು, ಆಮೇಲೆ ಲ್ಯಾಪ್‌ಟಾಪ್, ಈಗ ಐಫೋನ್. ಕುಂಬಳೆಯವರೂ ಕೇಳುತ್ತಾರೆ, ಪೆರ್ಲದವರೂ ಕೇಳುತ್ತಾರೆ, ಮುಳ್ಳೇರಿಯದವರೂ ಕೇಳುತ್ತಾರೆ. ಎಲ್ಲರಿಗೂ ಬೇರೆ ಬೇರೆಯಾಗಿ ಹೇಳಿ ಹೇಳಿ ಬಾಯಿ ಸೋತಿದೆ. ಒಮ್ಮೆ ಉದ್ದಕ್ಕೆ ಬರೆದುಬಿಡುತ್ತೇನೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುವುದು.

ಚುಟುಕಾಗಿ ಹೇಳುವುದಾದರೆ, ಹಾಳೂ ಆಗುವುದಿಲ್ಲ, ಹೆಚ್ಚು ಓದುವುದೂ ಇಲ್ಲ. ಮೊದಲ ವಾರ ಪುಸ್ತಕ ಸ್ವಲ್ಪ ಜಾಸ್ತಿ ಹೊತ್ತು ತೆರೆದಿರುತ್ತದೆ. ಆಮೇಲೆ ಯಥಾಪ್ರಕಾರ.

ಇಷ್ಟು ಹೇಳಿದ ಕೂಡಲೇ ಎದುರಿನವರು ಏನು ಹೇಳುತ್ತಾರೆಂದು ನನಗೆ ಬಾಯಿಪಾಠ. "ಹಾಗಾದ್ರೆ ಐಫೋನ್ ಸಾಕಾಗ್ಲಿಲ್ಲ, ಬೈಕ್ ಹೇಳ್ಬೇಕಿತ್ತು." ಎಷ್ಟು ಬಡಿದರೂ ಸಾಯದ ನಂಬಿಕೆ ಇದು. ಬಹುಮಾನ ದೊಡ್ಡದಾದಷ್ಟು ಕೆಲಸ ಜೋರಂತೆ. ಕೆಲಸ ಆಗಲಿಲ್ಲವೆಂದರೆ ಬಹುಮಾನ ಸಣ್ಣದಾಯಿತಂತೆ. ಈ ವಾದಕ್ಕೆ ಸೋಲೇ ಇಲ್ಲ ನೋಡಿ. ಮಾರ್ಕು ಬಂದರೆ ಐಫೋನಿನ ಮಹಿಮೆ, ಬಾರದಿದ್ದರೆ ಐಫೋನಿನ ಕೊರತೆ. ಮಗನನ್ನು ಪರೀಕ್ಷೆಗೆ ಕೂರಿಸುತ್ತೀರಿ, ಈ ನಂಬಿಕೆಯನ್ನು ಮಾತ್ರ ಯಾರೂ ಕೂರಿಸುವುದಿಲ್ಲ.

ನಂಬಿಕೆ ಹುಟ್ಟಿದ್ದು ಎಲ್ಲಿಂದ ಎಂದರೆ ನಮ್ಮ ಅಂಗಳದಿಂದಲೇ. ಅಡಿಕೆ ಸುಲಿಯುವವರನ್ನು ದಿನಗೂಲಿಗೆ ಕೂರಿಸಿ ನೋಡಿ, ಕಿಲೋ ಲೆಕ್ಕಕ್ಕೆ ಕೂರಿಸಿ ನೋಡಿ. ದಿನಗೂಲಿಗೆ ಕೂತಾಗ ಮಾತುಕತೆ ಉಂಟು, ಎಲೆಯಡಿಕೆ ಉಂಟು, ಪಕ್ಕದ ಮನೆಯ ಮದುವೆಯ ವಿಚಾರ ಉಂಟು. ಕಿಲೋ ಲೆಕ್ಕಕ್ಕೆ ಕೂತಾಗ ಕತ್ತಿಗೆ ಒಂದು ಒತ್ತು, ಹೆಬ್ಬೆರಳಿನ ಒಂದು ತಿರುವು, ಸಿಪ್ಪೆ ಆಚೆ, ಅಡಿಕೆ ಬುಟ್ಟಿಗೆ. ತಲೆ ಎತ್ತುವುದೇ ಇಲ್ಲ. ಬೀಡಿ ಕಟ್ಟುವವರಿಗೂ ಸಾವಿರದ ಲೆಕ್ಕವೇ. ಇದು ಬರೀ ನಮ್ಮೂರಿನ ಅನುಭವವೂ ಅಲ್ಲ. ಅಮೆರಿಕದಲ್ಲಿ ಕಾರಿನ ಗಾಜು ಕೂರಿಸುವ ಸೇಫ್‌ಲೈಟ್ ಎಂಬ ಕಂಪೆನಿ ಗಂಟೆಯ ಸಂಬಳ ಬಿಟ್ಟು ಗಾಜಿನ ಲೆಕ್ಕಕ್ಕೆ ಬಂದಾಗ ತಲಾ ಕೆಲಸ ಶೇ. 44ರಷ್ಟು ಏರಿತು ಎಂದು ಅರ್ಥಶಾಸ್ತ್ರಜ್ಞ ಎಡ್ವರ್ಡ್ ಲೇಜಿಯರ್ 2000ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಅದರಲ್ಲಿ ಸುಮಾರು ಅರ್ಧ ಮಾತ್ರ ಇದ್ದವರೇ ಚುರುಕಾದದ್ದರಿಂದ. ಉಳಿದದ್ದರಲ್ಲಿ ಒಂದು ಮುಖ್ಯ ಪಾಲು, ಚುರುಕಿನವರು ಹುಡುಕಿಕೊಂಡು ಬಂದು ಸೇರಿದ್ದರಿಂದ. ಮಗನ ವಿಷಯದಲ್ಲಿ ಆ ಎರಡನೆಯ ಅನುಕೂಲ ನಿಮಗಿಲ್ಲ. ಇದ್ದವನೊಬ್ಬನೇ.

ಇಲ್ಲಿಯವರೆಗೆ ನೀವು ಹೇಳುವುದು ಸರಿ. ತಪ್ಪುವುದು ಇಲ್ಲಿಂದ ಮುಂದೆ. ಅಡಿಕೆ ಸುಲಿಯುವವಳಿಗೆ ಏನು ಮಾಡಬೇಕೆಂದು ಗೊತ್ತು, ಕೈಗೆ ಅಭ್ಯಾಸ ಉಂಟು, ಬೇಕಾದ್ದು ಮನಸ್ಸು ಮಾತ್ರ. ದುಡ್ಡು ಆ ಮನಸ್ಸನ್ನು ಕೊಡುತ್ತದೆ. ನಿಮ್ಮ ಮಗನಿಗೆ ಮನಸ್ಸು ಇಲ್ಲ ಎಂದು ಯಾರು ಹೇಳಿದರು? ಎ ಪ್ಲಸ್ ಬೇಡ ಎನ್ನುವ ಹುಡುಗನನ್ನು ನಾನಂತೂ ಕಂಡಿಲ್ಲ. ಮೇ ತಿಂಗಳಲ್ಲಿ ಪೇಟೆಯ ಸರ್ಕಲಿನಲ್ಲಿ ಕ್ಲಬ್ಬಿನವರು ಹಾಕುವ ಫ್ಲೆಕ್ಸಿನಲ್ಲಿ ತನ್ನ ಫೋಟೋ ಬರಲಿ ಎಂಬ ಆಸೆ ಇಲ್ಲದವರಾರು? ಅವನಿಗೆ ಗೊತ್ತಿಲ್ಲದ್ದು ಬೇರೆ: ಬಿ ಗ್ರೇಡಿನಲ್ಲಿರುವ ಗಣಿತವನ್ನು ಎ ಪ್ಲಸ್‌ಗೆ ಏರಿಸಬೇಕಾದರೆ ಇವತ್ತು ಸಂಜೆ ಆರು ಗಂಟೆಗೆ ಕೂತು ಎಂತ ಮಾಡಬೇಕು ಎಂಬುದು. ಅದನ್ನು ಐಫೋನ್ ಹೇಳಿಕೊಡುವುದಿಲ್ಲ, ಬೈಕೂ ಹೇಳಿಕೊಡುವುದಿಲ್ಲ.

ಇದು ನನ್ನ ಊಹೆಯಲ್ಲ. ರೋಲಂಡ್ ಫ್ರೈಯರ್ ಎಂಬ ಹಾರ್ವರ್ಡ್ ಅರ್ಥಶಾಸ್ತ್ರಜ್ಞರು ಅಮೆರಿಕದ ಕೆಲವು ಊರುಗಳ ಶಾಲಾಮಕ್ಕಳಿಗೆ ನಿಜವಾಗಿಯೂ ದುಡ್ಡು ಹಂಚಿ ನೋಡಿದರು. 2011ರಲ್ಲಿ ಫಲಿತಾಂಶ ಪ್ರಕಟವಾಯಿತು. ನ್ಯೂಯಾರ್ಕಿನಲ್ಲಿ ಪರೀಕ್ಷೆಯ ಅಂಕಕ್ಕೆ ದುಡ್ಡು. ಶಿಕಾಗೋದಲ್ಲಿ ಒಂಬತ್ತನೆಯವರಿಗೆ ಗ್ರೇಡಿಗೆ ದುಡ್ಡು, ಒಂದು ಎ ಬಂದರೆ 50 ಡಾಲರ್. ಡಲ್ಲಾಸಿನಲ್ಲಿ ಎರಡನೇ ಕ್ಲಾಸಿನ ಮಕ್ಕಳಿಗೆ ಒಂದು ಪುಸ್ತಕ ಓದಿ ಅದರ ಮೇಲಿನ ಪುಟ್ಟ ಕ್ವಿಜ್ ಪಾಸಾದರೆ 2 ಡಾಲರ್, ಅಷ್ಟೇ. ಅಂಕಕ್ಕೆ ಕೊಟ್ಟ ದುಡ್ಡಿನಿಂದ ನ್ಯೂಯಾರ್ಕಿನಲ್ಲಿ ಅಂಕ ಏರಲಿಲ್ಲ, ಶಿಕಾಗೋದಲ್ಲೂ ಪರೀಕ್ಷೆಯ ಫಲ ಏರಲಿಲ್ಲ. ಡಲ್ಲಾಸಿನಲ್ಲಿ ಇಂಗ್ಲಿಷಿನಲ್ಲಿ ಪರೀಕ್ಷೆ ಬರೆದ ಮಕ್ಕಳ ಓದಿನ ಗ್ರಹಿಕೆ ಸುಧಾರಿಸಿತು. ಅಂಕ ಏರಿಸಲು ಏನು ಮಾಡುತ್ತೀರಿ ಎಂದು ಮಕ್ಕಳನ್ನೇ ಕೇಳಿದಾಗ, ಪ್ರಶ್ನೆಯನ್ನು ಸರಿಯಾಗಿ ಓದುತ್ತೇವೆ, ಉತ್ತರವನ್ನು ಮತ್ತೊಮ್ಮೆ ನೋಡುತ್ತೇವೆ ಎಂಬಂಥ ಪರೀಕ್ಷಾ ಕೊಠಡಿಯ ಉಪಾಯಗಳನ್ನೇ ಹೇಳಿದರು. ಪಠ್ಯ ಓದುವ, ಮೇಷ್ಟ್ರನ್ನು ಕೇಳುವ ಮಾತು ಬರಲಿಲ್ಲ. ಆಸೆ ಬೇಕಾದಷ್ಟಿತ್ತು, ದಾರಿ ಗೊತ್ತಿರಲಿಲ್ಲ.

(ಡಲ್ಲಾಸಿನಲ್ಲಿ ಸ್ಪ್ಯಾನಿಷ್ ಭಾಷೆಯಲ್ಲಿ ಪರೀಕ್ಷೆ ಬರೆದ ಮಕ್ಕಳಿಗೆ ಆ ಲಾಭ ಸಿಗಲಿಲ್ಲ ಎಂಬುದನ್ನು ಭಾಷೆಯ ಗಡಿಯಲ್ಲಿ ಕೂತ ನಾವು ಗಮನಿಸಬೇಕು. ಅದು ಇನ್ನೊಂದು ದಿನದ ವಿಷಯ.)

ಇನ್ನು "ದೊಡ್ಡದು" ಎಂಬ ಮಾತಿಗೆ ಬರೋಣ. ಇದಕ್ಕೆ ಅಮೆರಿಕದವರೆಗೆ ಹೋಗಬೇಕಿಲ್ಲ, ಮಧುರೈ ಸಾಕು. ಡ್ಯಾನ್ ಏರಿಯಲಿ, ಯೂರಿ ಗ್ನೀಜಿ ಎಂಬ ಸಂಶೋಧಕರು ಮತ್ತು ಸಂಗಡಿಗರು ಮಧುರೈ ಸುತ್ತಿನ ಹಳ್ಳಿಗಳಲ್ಲಿ 87 ಜನರಿಗೆ ಆರು ಆಟ ಆಡಿಸಿದರು. ನೆನಪಿನ ಆಟ, ಗುರಿಯ ಆಟ, ಬುದ್ಧಿ ಕೈ ಎರಡೂ ಓಡಬೇಕಾದ ಆಟ. ಚೆನ್ನಾಗಿ ಆಡಿದರೆ ಒಂದು ಗುಂಪಿಗೆ ಆಟಕ್ಕೆ 4 ರೂಪಾಯಿ, ಇನ್ನೊಂದಕ್ಕೆ 40, ಮತ್ತೊಂದಕ್ಕೆ 400. ಆರೂ ಆಟ ಗೆದ್ದರೆ 2,400 ರೂಪಾಯಿ. ಆಗ ಹಳ್ಳಿಯ ಒಬ್ಬನ ಹಲವು ತಿಂಗಳ ಖರ್ಚಿಗೆ ಆಗುವಷ್ಟು. ನಾಲ್ಕರವರೂ ನಲವತ್ತರವರೂ ಹೆಚ್ಚುಕಡಿಮೆ ಒಂದೇ ರೀತಿ ಆಡಿದರು. ನಾನೂರರವರು ಎಲ್ಲರಿಗಿಂತ ಕಳಪೆ. ಅಷ್ಟು ದುಡ್ಡು ಕಣ್ಣೆದುರು ಕುಣಿಯುವಾಗ ಕೈ ನಡುಗದೆ ಇರುತ್ತದಾ?

87 ಜನ ಎಂದರೆ ದೊಡ್ಡ ಲೆಕ್ಕವೇನಲ್ಲ, ಒಪ್ಪುತ್ತೇನೆ. ಆದರೆ ಇದೇ ಸಂಶೋಧಕರು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಲ್ಲಿ ನೋಡಿದ್ದು ಇನ್ನೂ ಕುತೂಹಲದ್ದು. ಕಂಪ್ಯೂಟರಿನ ಎರಡು ಕೀಲಿಯನ್ನು ಒಂದಾದ ಮೇಲೊಂದು ಒತ್ತುತ್ತಾ ಹೋಗುವ ಕೆಲಸದಲ್ಲಿ ದುಡ್ಡು ಹತ್ತು ಪಟ್ಟು ಮಾಡಿದಾಗ ಕೆಲಸವೂ ಏರಿತು. ಅದೇ ವಿದ್ಯಾರ್ಥಿಗಳಿಗೆ ಸಂಖ್ಯೆಗಳನ್ನು ಕೂಡಿಸಿ ಸರಿಯಾದ ಜೋಡಿ ಹುಡುಕುವ ಕೆಲಸ ಕೊಟ್ಟಾಗ, ದುಡ್ಡು ಏರಿದಂತೆ ಫಲ ಇಳಿಯಿತು. ಕೀಲಿ ಒತ್ತುವುದು ಅಡಿಕೆ ಸುಲಿಯುವ ಜಾತಿಯ ಕೆಲಸ. ಎಸ್ಸೆಸ್ಸೆಲ್ಸಿ ಗಣಿತ ಯಾವ ಜಾತಿ ಎಂದು ನಾನು ಹೇಳಬೇಕಾಗಿಲ್ಲ ತಾನೇ?

ಇನ್ನೊಂದು ತೊಡಕು ಸಮಯದ್ದು. ಮಾತು ಕೊಟ್ಟದ್ದು ಜೂನಿನಲ್ಲಿ, ಪರೀಕ್ಷೆ ಮಾರ್ಚಿನಲ್ಲಿ, ರಿಸಲ್ಟ್ ಮೇಯಲ್ಲಿ. ಹದಿನೈದರ ಹುಡುಗನಿಗೆ ಮುಂದಿನ ಮೇ ಎಂದರೆ ಮುಂದಿನ ಜನ್ಮ. ಸ್ಟೀವನ್ ಲೆವಿಟ್, ಜಾನ್ ಲಿಸ್ಟ್ ಮೊದಲಾದ ಅರ್ಥಶಾಸ್ತ್ರಜ್ಞರು ಶಿಕಾಗೋ ಸುತ್ತಿನ ಶಾಲೆಗಳಲ್ಲಿ ನೋಡಿದ್ದು ಇದನ್ನೇ: ಪರೀಕ್ಷೆ ಮುಗಿದ ಕೂಡಲೇ ಬಹುಮಾನ ಎಂದಾಗ ಮಕ್ಕಳ ಅಂಕ ಏರಿತು; ಅದೇ ಬಹುಮಾನ ಒಂದು ತಿಂಗಳ ನಂತರ ಎಂದಾಗ ಪರಿಣಾಮವೇ ಕಾಣಲಿಲ್ಲ. ಒಂದು ತಿಂಗಳಿಗೇ ಹೀಗೆ. ನಿಮ್ಮ ಮನೆಯವರು ಹನ್ನೊಂದು ತಿಂಗಳ ವಾಯಿದೆ ಕೊಟ್ಟಿದ್ದಾರೆ.

ಸಣ್ಣ ಬಹುಮಾನ ಏನು ಮಾಡಬಲ್ಲದು ಎಂದು ನೋಡಬೇಕಾದರೆ ರಾಜಸ್ಥಾನದ ಉದಯಪುರಕ್ಕೆ ಹೋಗಿ. ಅಭಿಜಿತ್ ಬ್ಯಾನರ್ಜಿ, ಎಸ್ತರ್ ದುಫ್ಲೊ (ಇಬ್ಬರಿಗೂ 2019ರ ಅರ್ಥಶಾಸ್ತ್ರದ ನೊಬೆಲ್) ಮತ್ತು ಸಂಗಡಿಗರು ಅಲ್ಲಿಯ ಹಳ್ಳಿಗಳಲ್ಲಿ ಮಕ್ಕಳ ಲಸಿಕೆಯ ಬಗ್ಗೆ ಮಾಡಿದ ಅಧ್ಯಯನ 2010ರಲ್ಲಿ ಬಂತು. ಏನೂ ಹೆಚ್ಚುವರಿ ಮಾಡದ ಹಳ್ಳಿಗಳಲ್ಲಿ ಎಲ್ಲ ಲಸಿಕೆ ಪಡೆದ ಮಕ್ಕಳು ಶೇ. 6. ತಿಂಗಳು ತಿಂಗಳು ತಪ್ಪದೆ ಶಿಬಿರ ನಡೆಸಿದಲ್ಲಿ ಶೇ. 18. ಶಿಬಿರದ ಜೊತೆ ಪ್ರತಿ ಸಲ ಒಂದು ಕಿಲೋ ಬೇಳೆ, ಎಲ್ಲ ಮುಗಿದಾಗ ಊಟದ ತಟ್ಟೆಗಳು ಎಂದಲ್ಲಿ ಶೇ. 39. ಬೇಳೆಗೆ ಆಸೆಪಟ್ಟು ಮಗುವಿಗೆ ಸೂಜಿ ಚುಚ್ಚಿಸಿದರು ಎಂದು ನಗುವವರಿದ್ದಾರೆ. ಅವರು ವಿಷಯವನ್ನೇ ಹಿಡಿಯಲಿಲ್ಲ. ಆ ತಾಯಂದಿರಿಗೆ ಲಸಿಕೆ ಬೇಡವೆಂದೇನೂ ಇರಲಿಲ್ಲ, ನಾಳೆ ಹೋದರಾಯಿತು ಎಂದಿತ್ತು. ಬೇಳೆ ಆ ನಾಳೆಯನ್ನು ಇವತ್ತಿಗೆ ತಂದಿತು. ಮಾಡಬೇಕಾದ ಕೆಲಸ ಅವರ ಕೈಯಲ್ಲೇ ಇತ್ತು: ಮಗುವನ್ನು ಎತ್ತಿಕೊಂಡು ಶಿಬಿರಕ್ಕೆ ನಡೆಯುವುದು.

ಹಾಗಾಗಿ ನಿಮಗೆ ಹೇಳುವುದಿಷ್ಟು. ಬಹುಮಾನವನ್ನು ಎ ಪ್ಲಸ್‌ಗೆ ಕಟ್ಟಬೇಡಿ, ಇವತ್ತಿನ ಕೆಲಸಕ್ಕೆ ಕಟ್ಟಿ. ಗಣಿತದ ಐದು ಲೆಕ್ಕ ಮಾಡಿ, ತಪ್ಪಿದ್ದನ್ನು ತಿದ್ದಿ ತೋರಿಸಿದರೆ ಆ ರಾತ್ರಿಯೇ ಅರ್ಧ ಗಂಟೆ ಫುಟ್‌ಬಾಲ್. ಶನಿವಾರದವರೆಗೆ ಬಿಡದೆ ಮಾಡಿದರೆ ಭಾನುವಾರ ಕಾಸರಗೋಡಿನಲ್ಲಿ ಬಿರಿಯಾನಿ. ಎಲ್ಲಿ ತಪ್ಪುತ್ತಿದೆ ಎಂದು ನೋಡಲು ಒಬ್ಬರು ಪಕ್ಕದಲ್ಲಿರಲಿ, ಟೀಚರಾದರೂ ಸರಿ, ಕಳೆದ ವರ್ಷ ಪಾಸಾದ ಅಕ್ಕನಾದರೂ ಸರಿ. ಆಗಾಗ ಹೇಳದೆ ಕೇಳದೆ ಏನಾದರೂ ಕೊಡಿ. ಕೋತಿಗಳ ಮಿದುಳಿನಲ್ಲಿ ನರವಿಜ್ಞಾನಿ ವುಲ್ಫ್ರಾಮ್ ಶುಲ್ಟ್ಸ್ ತೋರಿಸಿದ್ದು ಹೀಗೆ: ಹಣ್ಣಿನ ರಸ ಅನಿರೀಕ್ಷಿತವಾಗಿ ಬಂದಾಗ, ಬಹುಮಾನಕ್ಕೆ ಸ್ಪಂದಿಸುವ ಡೋಪಮಿನ್ ಕೋಶಗಳು ಚಿಮ್ಮಿದವು, ಬರುತ್ತದೆಂದು ಮೊದಲೇ ಗೊತ್ತಾದ ಮೇಲೆ ಅದೇ ರಸಕ್ಕೆ ಮಿಸುಕಲೂ ಇಲ್ಲ. ಐಫೋನಿನ ಮಾತು ಕೊಟ್ಟಾಗಿದೆ, ಹಿಂತೆಗೆಯಬೇಡಿ. ಕೊಟ್ಟ ಮಾತು ತಪ್ಪಿದರೆ ನಾಳೆ ಬಿರಿಯಾನಿಯನ್ನೂ ಅವನು ನಂಬುವುದಿಲ್ಲ.

"ಬಹುಮಾನ ಬೇಡ, ದಂಡ ಹಾಕಿದರೆ?" ಎಂದು ಕೇಳುವವರೂ ಇದ್ದಾರೆ. ದಂಡಕ್ಕೂ ಒಂದು ಗುಣ ಉಂಟು, ಅದು ಬೇಗ ಬಾಡಿಗೆಯಾಗುತ್ತದೆ. ಇಸ್ರೇಲಿನ ಹೈಫಾದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಹತ್ತು ಕೇಂದ್ರಗಳಲ್ಲಿ ಅದೇ ಗ್ನೀಜಿ ಮತ್ತು ರುಸ್ತಿಕೀನಿ ಎಂಬ ಅರ್ಥಶಾಸ್ತ್ರಜ್ಞರು ಪರೀಕ್ಷೆ ಮಾಡಿದ್ದರು. ಮಗುವನ್ನು ಕರೆದೊಯ್ಯಲು ತಡವಾಗಿ ಬರುವ ತಂದೆತಾಯಿಗೆ ಆರು ಕೇಂದ್ರಗಳಲ್ಲಿ ಸಣ್ಣ ದಂಡ ಹಾಕಿದರು. ತಡವಾಗಿ ಬರುವವರು ಹೆಚ್ಚುಕಡಿಮೆ ಇಮ್ಮಡಿಯಾದರು. ಮೊದಲು ಟೀಚರ ಮುಖ ನೋಡಲು ನಾಚಿಕೆಯಿತ್ತು. ಈಗ ದುಡ್ಡು ಕೊಟ್ಟಾಯಿತಲ್ಲ. ದಂಡ ತೆಗೆದ ಮೇಲೂ ನಾಚಿಕೆ ವಾಪಸು ಬರಲಿಲ್ಲ. ಇದು ಹೈಫಾದ್ದೇ ರೋಗವೆಂದು ತಿಳಿಯಬೇಡಿ. ಮನೆಮನೆಯ ಕಸ ಸಂಗ್ರಹಿಸುವ ಹರಿತ ಕರ್ಮ ಸೇನೆಯ ಹೆಂಗಸರು ಪ್ಲಾಸ್ಟಿಕ್ ತೆಗೆದುಕೊಂಡು ಹೋಗಲು ಬಂದಾಗ, ಸಾರು ಮೆತ್ತಿದ ತೊಟ್ಟೆಯನ್ನು ತೊಳೆಯದೆ ಚೀಲಕ್ಕೆ ತುರುಕಿ "ಐವತ್ತು ರುಪಾಯಿ ಕೊಡ್ತೇವಲ್ಲ" ಎನ್ನುವ ಮಹಾಶಯರನ್ನು ನೀವೂ ಕಂಡಿರುತ್ತೀರಿ.

ಯಾರೂ ಕೇಳದ ಒಂದು ಸಂಗತಿಯನ್ನು ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ನನಗೆ ಐಫೋನಿಗಿಂತ ಅದರದ್ದೇ ಚಿಂತೆ. ಕೇರಳದ ಶಾಲಾ ಕಲೋತ್ಸವದಲ್ಲಿ ಯಕ್ಷಗಾನ ಒಂದು ಸ್ಪರ್ಧೆ. ರಾಜ್ಯಮಟ್ಟದಲ್ಲಿ ಗ್ರೇಡ್ ಬಂದರೆ ಗ್ರೇಸ್ ಮಾರ್ಕ್. ಯಕ್ಷಗಾನದ ಪಿತಾಮಹ ಎನಿಸಿಕೊಂಡ ಪಾರ್ತಿಸುಬ್ಬನ ಊರಿನಲ್ಲಿ ಈಗ ಮಕ್ಕಳು ಧೀಂಗಿಣ (ಗಿರಕಿ ಹೊಡೆಯುವ ಕುಣಿತ) ಕಲಿಯುವುದು ಅಂಕಕ್ಕಾಗಿ ಎಂದು ಹಿರಿಯರು ಮೂಗು ಮುರಿಯುತ್ತಾರೆ. ಅಂಕ ಕಲೆಯನ್ನು ಕೊಲ್ಲುತ್ತದಾ?

ಇದಕ್ಕೆ ಹತ್ತಿರದ ಪ್ರಯೋಗ 1973ರದ್ದು. ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮನಶ್ಶಾಸ್ತ್ರಜ್ಞರು ಮೊದಲೇ ಚಿತ್ರ ಬಿಡಿಸಲು ಇಷ್ಟಪಡುತ್ತಿದ್ದ ಶಿಶುವಿಹಾರದ ಮಕ್ಕಳನ್ನು ಆರಿಸಿಕೊಂಡರು. ಕೆಲವರಿಗೆ, ಚಿತ್ರ ಬಿಡಿಸಿದರೆ ರಿಬ್ಬನ್ ಇರುವ ಸರ್ಟಿಫಿಕೇಟ್ ಕೊಡುತ್ತೇವೆ ಎಂದು ಮೊದಲೇ ಹೇಳಿದರು. ಕೆಲವರಿಗೆ ಹೇಳದೆ ಕೊಟ್ಟರು. ಕೆಲವರಿಗೆ ಏನೂ ಇಲ್ಲ. ಒಂದೆರಡು ವಾರದ ಮೇಲೆ ಮಾರ್ಕರ್‌ಗಳನ್ನು ಸುಮ್ಮನೆ ಮೇಜಿನ ಮೇಲಿಟ್ಟು ನೋಡಿದರೆ, ಮೊದಲೇ ಹೇಳಿಸಿಕೊಂಡ ಮಕ್ಕಳು ಬಿಡುವಿನಲ್ಲಿ ಶೇ. 8.6ರಷ್ಟು ಹೊತ್ತನ್ನು ಮಾತ್ರ ಚಿತ್ರಕ್ಕೆ ಕೊಟ್ಟರು. ಉಳಿದೆರಡು ಗುಂಪಿನವರು ಅದರ ಇಮ್ಮಡಿಯಷ್ಟು. ಇದನ್ನು ಓದಿ "ನೋಡಿ, ಬಹುಮಾನ ಆಸಕ್ತಿಯನ್ನು ಕೊಲ್ಲುತ್ತದೆ" ಎನ್ನುವವರು, ಆ ಮಕ್ಕಳಿಗೆ ಆಸಕ್ತಿ ಮೊದಲೇ ಇತ್ತು ಎಂಬುದನ್ನು ಹಾರಿಸಿಬಿಡುತ್ತಾರೆ. ಇಲ್ಲದ ಆಸಕ್ತಿಯನ್ನು ಕೊಲ್ಲುವುದು ಹೇಗೆ?

ವೇಷ ಕಟ್ಟುವ ಚೌಕಿಯಲ್ಲಿ ಅಜ್ಜನ ಮಡಿಲಲ್ಲಿ ಕೂತು ಬೆಳೆದ, ತಾಳಮದ್ದಳೆ ಎಂದರೆ ಊಟ ಬಿಡುವ ಹುಡುಗನ ಹತ್ತಿರ ಅಂಕದ ಸುದ್ದಿ ಎತ್ತಬೇಡಿ, ಬಂದರೆ ಬರಲಿ. ಯಕ್ಷಗಾನದ ಆಟ ನೋಡದ ಮನೆಯ ಮಗು ಅಂಕದ ಆಸೆಗೆ ಗೆಜ್ಜೆ ಕಟ್ಟಿದರೆ ಕಟ್ಟಲಿ ಮಾರಾಯ್ರೆ, ಕಳೆದುಕೊಳ್ಳುವುದು ಏನೂ ಇಲ್ಲ. ಅದರಲ್ಲಿ ಯಾರಿಗೆ ರುಚಿ ಹತ್ತಿದೆ ಎಂದು ತಿಳಿಯಬೇಕಾದರೆ ಟ್ರೋಫಿ ಲೆಕ್ಕ ಹಾಕಬೇಡಿ. ಕಲೋತ್ಸವ ಮುಗಿದು, ಅಂಕ ಸೇರಿ, ಶಾಲೆಯವರು ಗುರುಗಳ ಸಂಬಳ ನಿಲ್ಲಿಸಿದ ಮೇಲೂ ನಾಟ್ಯದ ಕ್ಲಾಸಿಗೆ ಯಾರು ಬರುತ್ತಿದ್ದಾರೆಂದು ಆ ಗುರುಗಳನ್ನೇ ಕೇಳಿ. ಹೆಸರು ಹಿಡಿದು ಹೇಳುತ್ತಾರೆ.