ಎರಡು ಕೋಟಿ ಮತ, ಸೊನ್ನೆ ಸೀಟು

ಎಣಿಕೆ ಮುಗಿದ ಮೇಲೆ ಚುನಾವಣಾಧಿಕಾರಿ ಸಹಿ ಹಾಕುವ ಒಂದು ಕಾಗದ ಇರುತ್ತದೆ. ಅದರ ಹೆಸರು ನಮೂನೆ 20. ಎಡಕ್ಕೆ ಮತಗಟ್ಟೆಯ ಸಂಖ್ಯೆ, ಮೇಲೆ ಅಭ್ಯರ್ಥಿಗಳ ಹೆಸರು, ಮಧ್ಯೆ ಯಾವ ಬೂತಿನಲ್ಲಿ ಯಾರಿಗೆ ಎಷ್ಟು ಮತ ಎಂಬ ಲೆಕ್ಕ. ಗೆದ್ದವರ ಮೆರವಣಿಗೆ ಮುಗಿದು ಪಟಾಕಿಯ ಕಾಗದವನ್ನೆಲ್ಲ ಗುಡಿಸಿ ಹಾಕಿದ ಮೇಲೆ ನನ್ನಂಥವರ ಕೆಲಸ ಶುರುವಾಗುತ್ತದೆ. ಊರಿನ ಬೂತು ಯಾವುದು, ಕೇರಿಯ ಬೂತು ಯಾವುದು ಎಂದು ಗುರುತು ಮಾಡಿಕೊಂಡು ಸಾಲು ಸಾಲಾಗಿ ಓದುತ್ತಾ ಹೋದರೆ, ಒಂದು ಪಕ್ಷವನ್ನು ಯಾರು ತಮ್ಮದೆಂದುಕೊಂಡಿದ್ದಾರೆ ಅನ್ನುವುದು ಅಲ್ಲಿ ಕಾಣುತ್ತದೆ.

"ಬಿಎಸ್ಪಿ ಮುಗೀತಾ ಸಾರ್?" ಬಹುಜನ ಸಮಾಜ ಪಕ್ಷದ ಬಗೆಗಿನ ಈ ಪ್ರಶ್ನೆಯನ್ನು ನನಗೆ 2014ರಲ್ಲಿ ಕೇಳಿದರು, 2017ರಲ್ಲಿ ಕೇಳಿದರು, 2022ರಲ್ಲೂ 2024ರಲ್ಲೂ ಕೇಳಿದರು. ನಾಲ್ಕು ಸಲವೂ ಪ್ರಶ್ನೆ ಒಂದೇ. ನನ್ನ ಉತ್ತರ ಮಾತ್ರ ಮೊದಲೆರಡು ಸಲ ಒಂದು, ಕೊನೆಯ ಎರಡು ಸಲ ಇನ್ನೊಂದು.

2014ರ ಲೋಕಸಭೆಯಲ್ಲಿ ಬಹುಜನ ಸಮಾಜ ಪಕ್ಷಕ್ಕೆ ದೇಶದಲ್ಲಿ ಎರಡು ಕೋಟಿಗೂ ಹೆಚ್ಚು ಮತ ಬಂತು, ಶೇ 4ಕ್ಕಿಂತ ಸ್ವಲ್ಪ ಹೆಚ್ಚು. ಬಿಜೆಪಿ, ಕಾಂಗ್ರೆಸ್ ಬಿಟ್ಟರೆ ಅತಿ ಹೆಚ್ಚು ಮತ ಪಡೆದ ಪಕ್ಷ ಅದೇ. ಸೀಟು ಮಾತ್ರ ಸೊನ್ನೆ. ಅದಕ್ಕಿಂತ ಕಡಿಮೆ ಮತ ಪಡೆದ ತೃಣಮೂಲ ಕಾಂಗ್ರೆಸ್ 34 ಕಡೆ ಗೆದ್ದಿತು, ಅಣ್ಣಾ ಡಿಎಂಕೆ 37 ಕಡೆ. ಅವರ ಮತ ಒಂದೊಂದು ರಾಜ್ಯದಲ್ಲಿ ಗಟ್ಟಿಯಾಗಿ ಕೂತಿತ್ತು. ಬಿಎಸ್ಪಿಯ ಮತ ಊರೂರಿನ ಕೇರಿಗಳಲ್ಲಿ ಹರಡಿಕೊಂಡಿತ್ತು. ಎಲ್ಲ ಕಡೆ ಇದೆ, ಯಾವ ಕಡೆಯೂ ಗೆಲ್ಲುವಷ್ಟು ಇಲ್ಲ. ಉತ್ತರ ಪ್ರದೇಶದ ಮೂವತ್ತಕ್ಕೂ ಹೆಚ್ಚು ಕ್ಷೇತ್ರಗಳಲ್ಲಿ ಪಕ್ಷದ ಚಿಹ್ನೆಯಾದ ಆನೆ ಎರಡನೇ ಸ್ಥಾನದಲ್ಲಿ ನಿಂತಿತ್ತು.

ಇದು ಆ ಪಕ್ಷ ಹುಟ್ಟುವ ಮೊದಲಿನ ಸಮಸ್ಯೆ. 1932ರ ಪುಣೆ ಒಪ್ಪಂದದಲ್ಲಿ ದಲಿತರಿಗೆ ಪ್ರತ್ಯೇಕ ಮತಕ್ಷೇತ್ರದ (ದಲಿತರ ಪ್ರತಿನಿಧಿಯನ್ನು ದಲಿತರೇ ಆರಿಸುವ ವ್ಯವಸ್ಥೆ) ಬದಲು ಮೀಸಲು ಕ್ಷೇತ್ರ ಸಿಕ್ಕಿತು. ಇವೆರಡೂ ಒಂದೇ ಎಂದು ಅನೇಕರು ತಿಳಿದಿದ್ದಾರೆ, ಹಾಗಲ್ಲ. ಮೀಸಲು ಕ್ಷೇತ್ರದಲ್ಲಿ ನಿಲ್ಲುವವರು ಪರಿಶಿಷ್ಟ ಜಾತಿಯವರು, ಆದರೆ ಅವರನ್ನು ಆರಿಸುವವರು ಎಲ್ಲರೂ. 2011ರ ಜನಗಣತಿ ಪ್ರಕಾರ ಉತ್ತರ ಪ್ರದೇಶದಲ್ಲಿ ಪರಿಶಿಷ್ಟ ಜಾತಿಯವರು ಶೇ 20.7. ಕಣದಲ್ಲಿರುವ ಎಲ್ಲ ಅಭ್ಯರ್ಥಿಗಳೂ ದಲಿತರೇ ಆದಾಗ ದಲಿತ ಮತ ಹಂಚಿಹೋಗುತ್ತದೆ, ಉಳಿದ ಜಾತಿಗಳ ಕೈಯಲ್ಲಿ ತೀರ್ಮಾನ ಉಳಿಯುತ್ತದೆ. 2012ರಲ್ಲಿ ಅಲ್ಲಿನ 85 ಮೀಸಲು ಕ್ಷೇತ್ರಗಳ ಪೈಕಿ 58ನ್ನು ಗೆದ್ದದ್ದು ಸಮಾಜವಾದಿ ಪಕ್ಷ. ಮೀಸಲು ಕ್ಷೇತ್ರ ಅಂದರೆ ದಲಿತ ಪಕ್ಷದ ಕೋಟೆ ಎಂದು ಬರೆಯುವವರು ಈ ಒಂದು ಅಂಕಿಯನ್ನು ನೋಡಬೇಕು.

ಇದನ್ನು ಬಿಎಸ್ಪಿ ಕಟ್ಟಿದ ಕಾನ್ಶಿರಾಂ ಅರ್ಥ ಮಾಡಿಕೊಂಡಷ್ಟು ಚೆನ್ನಾಗಿ ಬೇರೆ ಯಾರೂ ಮಾಡಿಕೊಳ್ಳಲಿಲ್ಲ ಎಂಬುದು ನನ್ನ ಅಭಿಪ್ರಾಯ. 1934ರಲ್ಲಿ ಪಂಜಾಬಿನ ರೋಪಡ್ ಜಿಲ್ಲೆಯಲ್ಲಿ ಹುಟ್ಟಿದ ಅವರು ಪುಣೆಯ ಸರ್ಕಾರಿ ಸ್ಫೋಟಕ ಸಂಶೋಧನಾ ಪ್ರಯೋಗಾಲಯದಲ್ಲಿ ನೌಕರಿಯಲ್ಲಿದ್ದರು. ಅಲ್ಲಿ ಅಂಬೇಡ್ಕರ್ ಜಯಂತಿ ಮತ್ತು ಬುದ್ಧ ಜಯಂತಿಯ ರಜೆ ತೆಗೆದುಹಾಕಿದಾಗ ಪ್ರತಿಭಟಿಸಿದ ದೀನಾಭಾನ ಎಂಬ ನೌಕರರನ್ನು ಅಮಾನತು ಮಾಡಲಾಯಿತು. ಆ ಜಗಳಕ್ಕೆ ಕೈ ಹಾಕಿದ ಕಾನ್ಶಿರಾಂ ಮತ್ತೆ ಸಾಮಾನ್ಯ ನೌಕರನ ಬದುಕಿಗೆ ಮರಳಲಿಲ್ಲ. ಮೀಸಲಾತಿಯಿಂದ ಕೆಲಸ ಹಿಡಿದ ಗುಮಾಸ್ತರು, ಶಿಕ್ಷಕರು, ಎಂಜಿನಿಯರುಗಳನ್ನು ಒಟ್ಟು ಸೇರಿಸಿ 1978ರ ಡಿಸೆಂಬರ್ 6ರಂದು ಬಾಮ್ಸೆಫ್ ಎಂಬ ನೌಕರರ ಸಂಘಟನೆ ಕಟ್ಟಿದರು. ಸರ್ಕಾರಿ ನೌಕರ ಚುನಾವಣೆಗೆ ನಿಲ್ಲುವಂತಿಲ್ಲ. ಆದರೆ ಇಂಥ ಸಂಘಟನೆಗೆ ಹಣ, ಸಮಯ, ಬುದ್ಧಿ ಕೊಡಬಹುದು ಎಂಬುದು ಅವರ ಲೆಕ್ಕ. 1981ರಲ್ಲಿ ಡಿಎಸ್4 ಎಂಬ ಹೋರಾಟದ ಸಂಘಟನೆ, 1984ರ ಏಪ್ರಿಲ್ 14ರಂದು ಬಿಎಸ್ಪಿ. ಸಂಘಟನೆ ಮೊದಲು, ಪಕ್ಷ ಆಮೇಲೆ. ಈ ಕ್ರಮವೇ ಅದರ ಬಲವಾಗಿತ್ತು.

ಸಭೆಗಳಲ್ಲಿ ಅವರು ಕೈಯಲ್ಲಿ ಒಂದು ಪೆನ್ನನ್ನು ನೆಟ್ಟಗೆ ಹಿಡಿದು ತೋರಿಸುತ್ತಿದ್ದರು. ಮೇಲಿನ ಮುಚ್ಚಳ ಶೇ 15, ಕೆಳಗಿನ ಕಾಂಡ ಶೇ 85. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದವರು, ಅಲ್ಪಸಂಖ್ಯಾತರು ಎಲ್ಲ ಸೇರಿದರೆ ಆ ಕಾಂಡ. 'ದಲಿತ' ಎನ್ನದೆ 'ಬಹುಜನ' ಎಂದದ್ದು ಇದಕ್ಕೇ. ಬುದ್ಧನ 'ಬಹುಜನ ಹಿತಾಯ, ಬಹುಜನ ಸುಖಾಯ'ದಿಂದ ಬಂದ ಪದ ಇದು. ಗೆಲ್ಲುವ ಲೆಕ್ಕವೂ ಅದರೊಳಗೇ ಇತ್ತು. ಮೊದಲ ಚುನಾವಣೆ ಸೋಲಲು, ಎರಡನೆಯದು ಸೋಲಿಸಲು, ಮೂರನೆಯದು ಗೆಲ್ಲಲು ಎಂದು ಅವರು ಹೇಳುತ್ತಿದ್ದರು. ಹಾಗೇ ನಡೆಯಿತು. ಉತ್ತರ ಪ್ರದೇಶ ವಿಧಾನಸಭೆಯಲ್ಲಿ 1989ರಲ್ಲಿ 13 ಸೀಟು, 1993ರಲ್ಲಿ ಸಮಾಜವಾದಿ ಪಕ್ಷದ ಜೊತೆ ಸೇರಿ 67. 1995ರ ಜೂನ್ 3ರಂದು 39 ವರ್ಷದ ಮಾಯಾವತಿ ಮುಖ್ಯಮಂತ್ರಿಯಾದರು. ದೇಶದಲ್ಲಿ ಆ ಕುರ್ಚಿಯಲ್ಲಿ ಕೂತ ಮೊದಲ ದಲಿತ ಮಹಿಳೆ. ಅದು ನಾಲ್ಕೂವರೆ ತಿಂಗಳ ಸರ್ಕಾರ. ಆದರೆ ತಮ್ಮವಳೊಬ್ಬಳ ಮುಂದೆ ಜಿಲ್ಲಾಧಿಕಾರಿ ಎದ್ದು ನಿಲ್ಲುವುದನ್ನು ಕಂಡ ಕೇರಿಯ ಜನಕ್ಕೆ ಆ ತಿಂಗಳುಗಳ ಬೆಲೆ ಎಷ್ಟೆಂದು ಯಾವ ಅಂಕಿಪಟ್ಟಿಯೂ ಹೇಳಲಾರದು.

2007ರಲ್ಲಿ 403ರಲ್ಲಿ 206 ಸೀಟು ಬಂತು. ಮತ ಶೇ 30.4. ಆ ಸಲ 80ಕ್ಕೂ ಹೆಚ್ಚು ಬ್ರಾಹ್ಮಣರಿಗೆ ಟಿಕೆಟ್ ಕೊಟ್ಟಿದ್ದರು. ಬಹುಜನ ಹೋಗಿ ಸರ್ವಜನ ಬಂತು ಎಂದು ಹಳೆಯ ಕಾರ್ಯಕರ್ತರು ನೊಂದುಕೊಂಡದ್ದುಂಟು. ನಾನು ಅದನ್ನು ದ್ರೋಹ ಅನ್ನುವುದಿಲ್ಲ. ಸ್ವಂತ ಮತ ಶೇ 20ರ ಸುಮಾರು ಇರುವ ಪಕ್ಷ ಇನ್ನೊಂದು ಶೇ 10ನ್ನು ಎಲ್ಲಿಂದಾದರೂ ತರಲೇಬೇಕು. ನನ್ನ ಆಕ್ಷೇಪ ಬೇರೆ: ಆ ಹೊತ್ತಿಗಾಗಲೇ ಪೆನ್ನಿನ ಕಾಂಡ ಸೀಳಿತ್ತು. ಕುರ್ಮಿಗಳ ನಾಯಕ ಸೋನೇಲಾಲ್ ಪಟೇಲ್ 1995ರಲ್ಲೇ ಹೊರಬಂದು ಅಪ್ನಾ ದಳ ಕಟ್ಟಿದರು. 2002ರಲ್ಲಿ ಓಂಪ್ರಕಾಶ್ ರಾಜ್‌ಭರ್ ಬೇರೆ ಪಕ್ಷ ಮಾಡಿಕೊಂಡರು. ಪಾಸಿ ಸಮುದಾಯದ ಆರ್.ಕೆ. ಚೌಧರಿ ಹೋದರು, ಮುಂದೆ 2016ರಲ್ಲಿ ಸ್ವಾಮಿಪ್ರಸಾದ್ ಮೌರ್ಯರೂ ಹೋದರು. ಒಬ್ಬೊಬ್ಬ ನಾಯಕ ಹೋದಾಗಲೂ ಒಂದು ಜಾತಿಯ ಕದ ಮುಚ್ಚಿತು. ಹೊರಗಿನಿಂದ ತಂದ ಮತ ಬಂದ ದಾರಿಯಲ್ಲೇ ಹಿಂದೆ ಹೋಗಬಲ್ಲದು. ಮನೆಯವರು ಬಿಟ್ಟುಹೋದರೆ ತುಂಬಿಕೊಡುವವರು ಯಾರೂ ಇಲ್ಲ.

ಸೀಟಿನ ಆಟ ನೋಡಿ. 2012ರಲ್ಲಿ ಮತ ಶೇ 25.9ಕ್ಕೆ ಇಳಿಯಿತು. ಕಳೆದುಕೊಂಡ ಮತ ಶೇ 4.5, ಕಳೆದುಕೊಂಡ ಸೀಟು 126. 2017ರಲ್ಲಿ ಶೇ 22.2 ಮತಕ್ಕೆ ಬರೀ 19 ಸೀಟು. ಅದೇ ಚುನಾವಣೆಯಲ್ಲಿ ಸಮಾಜವಾದಿ ಪಕ್ಷ ಕಾಂಗ್ರೆಸ್ ಜೊತೆ ಹೊಂದಾಣಿಕೆ ಮಾಡಿಕೊಂಡು ಕಡಿಮೆ ಕ್ಷೇತ್ರಗಳಲ್ಲಿ ನಿಂತು, ಶೇ 21.8 ಮತಕ್ಕೆ 47 ಗೆದ್ದಿತು. ಹಾಗಾಗಿ 2014ರಲ್ಲೂ 2017ರಲ್ಲೂ ನಾನು ಹೇಳಿದ್ದು: ಮುಗಿದಿಲ್ಲ. ಐದರಲ್ಲಿ ಒಬ್ಬ ಮತದಾರ ಇನ್ನೂ ಆನೆಯ ಗುಂಡಿ ಒತ್ತುತ್ತಿದ್ದಾನೆ.

2022ರಲ್ಲಿ ಆ ಮಾತು ಹೇಳಲಾಗಲಿಲ್ಲ. ಮತ ಶೇ 12.9ಕ್ಕೆ ಬಿತ್ತು, ಗೆದ್ದದ್ದು ರಸಡಾ ಕ್ಷೇತ್ರ ಒಂದೇ. 2024ರ ಲೋಕಸಭೆಯಲ್ಲಿ ಅದೇ ರಾಜ್ಯದಲ್ಲಿ ಶೇ 9.4. ರಾಜ್ಯದ ದಲಿತರಲ್ಲಿ ಅರ್ಧಕ್ಕಿಂತ ಹೆಚ್ಚು ಇರುವ ಜಾಟವರೇ ಪಕ್ಷದ ಬುನಾದಿ. ಈಗಿನ ಮತ ಅವರ ಪಾಲಿಗಿಂತಲೂ ಕೆಳಗಿದೆ. ಸಂವಿಧಾನ, ಮೀಸಲಾತಿಗೆ ಕುತ್ತು ಬಂದಿದೆ ಎಂಬ ಆತಂಕ ಹಬ್ಬಿದ ಚುನಾವಣೆಯಲ್ಲಿ ಆ ಆತಂಕಕ್ಕೆ ದನಿಯಾಗಬೇಕಿದ್ದ ಪಕ್ಷ ಒಂಟಿಯಾಗಿ ನಿಂತಿತು. ನಗೀನಾ ಎಂಬ ಮೀಸಲು ಕ್ಷೇತ್ರವಿದೆ, ಬಿಜ್ನೋರ್ ಜಿಲ್ಲೆಯಲ್ಲಿ. ಮಾಯಾವತಿ ಮೊದಲ ಸಲ ಸಂಸದೆಯಾಗಿ ಗೆದ್ದದ್ದು ಇದೇ ಬಿಜ್ನೋರಿನಿಂದ, 1989ರಲ್ಲಿ. 2019ರಲ್ಲಿ ಸಮಾಜವಾದಿ ಪಕ್ಷದ ಜೊತೆಗಿನ ಮೈತ್ರಿಯ ಬಲದಿಂದ ನಗೀನಾದಲ್ಲಿ ಐದೂವರೆ ಲಕ್ಷಕ್ಕೂ ಹೆಚ್ಚು ಮತ ಪಡೆದು ಗೆದ್ದಿದ್ದ ಬಿಎಸ್ಪಿಗೆ 2024ರಲ್ಲಿ ಬಂದದ್ದು 13 ಸಾವಿರ ಚಿಲ್ಲರೆ. ಗೆದ್ದವರು ಆಜಾದ್ ಸಮಾಜ ಪಕ್ಷದ ಚಂದ್ರಶೇಖರ್ ಆಜಾದ್, ಅವರೂ ದಲಿತ ಯುವಕ. ಅಲ್ಲಿನ ಜನ ಸ್ವಾಭಿಮಾನದ ರಾಜಕಾರಣ ಬಿಡಲಿಲ್ಲ, ಅದಕ್ಕೆ ಬೇರೆ ಚಿಹ್ನೆ ಹುಡುಕಿಕೊಂಡರು.

ನಮ್ಮಲ್ಲಿ ಆನೆ ಗೆದ್ದದ್ದು ಅಪರೂಪ. 1994ರಲ್ಲಿ ಬೀದರ್, 2018ರಲ್ಲಿ ಕೊಳ್ಳೇಗಾಲ. ಹಿಂದೆ ಸೋತಿದ್ದ ಎನ್. ಮಹೇಶ್ ಜೆಡಿಎಸ್ ಮೈತ್ರಿಯಲ್ಲಿ 71 ಸಾವಿರಕ್ಕೂ ಹೆಚ್ಚು ಮತ ಪಡೆದು ಗೆದ್ದರು, ಮಂತ್ರಿಯೂ ಆದರು. 2019ರ ಜುಲೈನಲ್ಲಿ ವಿಶ್ವಾಸಮತದ ದಿನ ಸದನಕ್ಕೆ ಬರಲಿಲ್ಲವೆಂದು ಪಕ್ಷ ಅವರನ್ನು ಉಚ್ಚಾಟಿಸಿತು. ಮುಂದೆ ಅವರು ಬಿಜೆಪಿ ಸೇರಿದರು. ಪಕ್ಷ ಇಲ್ಲಿ ಬೆಳೆಯದಿರಲು ಇನ್ನೊಂದು ಕಾರಣ ನಮ್ಮೊಳಗೇ ಇದೆ. ದಲಿತರೊಳಗಿನ ಎಡಗೈ-ಬಲಗೈ ಸಮುದಾಯಗಳ ನಡುವೆ ಮೀಸಲಾತಿಯನ್ನು ಪಾಲು ಮಾಡುವ ಒಳಮೀಸಲಾತಿಯ ಪ್ರಶ್ನೆ ದಶಕಗಳದು. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟ್ ಒಳವರ್ಗೀಕರಣಕ್ಕೆ ಒಪ್ಪಿದಾಗ ಮಾಯಾವತಿ ವಿರೋಧಿಸಿದರು. ದಲಿತ ಐಕ್ಯ ಒಡೆಯುತ್ತದೆಂಬ ಅವರ ಭಯ ನನಗೆ ಅರ್ಥವಾಗುತ್ತದೆ. ಆದರೆ ಪಾಲು ಸಿಗದೆ ಕಾದು ಕೂತ ಎಡಗೈ ಸಮುದಾಯದ ಮಾದಿಗರ ಕೇರಿಗೆ ಹೋಗಿ ಆ ಮಾತನ್ನು ಹೇಳಿ ಮತ ಕೇಳಲು ಸಾಧ್ಯವಿಲ್ಲ. 'ಯಾರ ಸಂಖ್ಯೆ ಎಷ್ಟೋ ಅವರ ಪಾಲು ಅಷ್ಟು' ಎಂದು ಘೋಷಣೆ ಕೊಟ್ಟ ಪಕ್ಷ ಅದನ್ನು ತನ್ನ ಮನೆಯೊಳಗೂ ಒಪ್ಪಬೇಕಿತ್ತು.

ಕೊಳ್ಳೇಗಾಲದ ಕಡೆ ಒಬ್ಬ ಬೂತ್ ಏಜೆಂಟ್ ಪರಿಚಯ ನನಗೆ. ಕೂಲಿ ಬಿಟ್ಟು ಬೆಳಗ್ಗೆಯಿಂದ ಸಂಜೆವರೆಗೆ ಮತಗಟ್ಟೆಯಲ್ಲಿ ಕೂರುವವರು. ಊಟ ಮನೆಯಿಂದ, ಹೆಗಲ ಮೇಲಿನ ನೀಲಿ ಶಲ್ಯ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಮತದಾನ ಮುಗಿದಾಗ ಏಜೆಂಟರಿಗೆ ಕೊಡುವ ನಮೂನೆ 17ಸಿ ಚೀಟಿಗಳನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಜೋಡಿಸಿಟ್ಟಿದ್ದಾರೆ, ಹಳೆಯ ಚುನಾವಣೆಗಳದೂ ಸೇರಿ. ಆ ಚೀಟಿಯಲ್ಲಿ ಒಟ್ಟು ಎಷ್ಟು ಮತ ಬಿತ್ತು ಎಂದಷ್ಟೇ ಇರುತ್ತದೆ, ಯಾರಿಗೆ ಎಷ್ಟು ಎಂದು ಇರುವುದಿಲ್ಲ. ಅದಕ್ಕೇ ಪ್ರತಿ ಫಲಿತಾಂಶವಾದ ಕೆಲವು ದಿನಕ್ಕೆ ಅವರ ಫೋನ್ ಬರುತ್ತದೆ. ಶಾಸಕರು ಬೇರೆ ಪಕ್ಷಕ್ಕೆ ಹೋದ ನಂತರ 2023ರಲ್ಲೂ ಬಂತು. ಗೆದ್ದವರು ಯಾರು, ಸೋತವರು ಯಾರು ಎಂದು ಅವರು ಕೇಳುವುದಿಲ್ಲ. "ಸಾ, ನಮ್ ಬೂತ್ಲಿ ಎಷ್ಟ್ ಬಂದದ ನೋಡಿ" ಅನ್ನುತ್ತಾರೆ. ನಾನು ಸಾಲು ಹುಡುಕಿ ಅಂಕಿ ಓದುತ್ತೇನೆ. ಆ ಕಡೆಯಿಂದ ಅದನ್ನು ಚೀಟಿಯ ಹಿಂಬದಿಯಲ್ಲಿ ಬರೆದುಕೊಳ್ಳುವ ಸದ್ದು ಕೇಳುತ್ತದೆ.