ಸಿಂಹದ ಹಾಡು ಯಾರದು? ಮೂಲವನ್ನೇ ಮೀರಿಸಿದ ಕವರ್‌ಗಳ ಹಿಂದಿನ ಕಥೆ

‘ಅ-ವೀಮೊವೆ, ಅ-ವೀಮೊವೆ’ ಅಂತ ಒಮ್ಮೆ ಗುನುಗಿ ನೋಡಿ. ಇಂಗ್ಲಿಷ್ ಹಾಡು ಅಷ್ಟಾಗಿ ಕೇಳದವರಿಗೂ ಮುಂದಿನ ಧಾಟಿ ತಾನಾಗಿ ನೆನಪಾಗಬಹುದು. ಡಿಸ್ನಿಯ ‘ದಿ ಲಯನ್ ಕಿಂಗ್’ ಸಿನಿಮಾದಲ್ಲಿ ಟಿಮೋನ್ ಮತ್ತು ಪುಂಬಾ ಹಾಡಿಕೊಂಡು ಹೋಗುವುದು ಇದನ್ನೇ. ಈ ‘ವೀಮೊವೆ’ ಯಾವ ಭಾಷೆಯ ಮಾತು ಗೊತ್ತಾ? ಯಾವುದರದ್ದೂ ಅಲ್ಲ. ದಕ್ಷಿಣ ಆಫ್ರಿಕಾದ ಜುಲು ಭಾಷೆಯಲ್ಲಿ ‘ಉಯಿಂಬೂಬೆ’ ಅಂದರೆ ‘ನೀನು ಸಿಂಹ’. ಅಮೆರಿಕದ ಜನಪದ ಗಾಯಕ ಪೀಟ್ ಸೀಗರ್ ಗ್ರಾಮಾಫೋನ್ ತಟ್ಟೆ ಹಾಕಿ ಕೇಳಿ ಬರೆದುಕೊಂಡಾಗ ಅವರ ಕಿವಿಗೆ ಅದು ‘ವೀಮೊವೆ’ ಅಂತ ಬಿತ್ತು. ಆ ತಪ್ಪೇ ಜಗತ್ತಿನ ಬಾಯಲ್ಲಿ ನಿಂತಿತು.

ತಟ್ಟೆಯಲ್ಲಿ ಹಾಡಿದ್ದವರ ಹೆಸರು ಸಾಲೊಮನ್ ಲಿಂಡಾ. ನಟಾಲ್ ಪ್ರಾಂತ್ಯದ ಹಳ್ಳಿಯಿಂದ ಕೆಲಸ ಹುಡುಕಿ ಜೊಹಾನ್ಸ್‌ಬರ್ಗ್‌ಗೆ ಬಂದವರು. ಓದು ಬರಹ ಬರುತ್ತಿರಲಿಲ್ಲ. ಗ್ಯಾಲೋ ಅನ್ನುವ ರೆಕಾರ್ಡ್ ಕಂಪನಿಯಲ್ಲಿ ತಟ್ಟೆಗಳನ್ನು ಪ್ಯಾಕ್ ಮಾಡುವ ಕೆಲಸ. ಸಂಜೆಗೆ ‘ಈವ್ನಿಂಗ್ ಬರ್ಡ್ಸ್’ ಅನ್ನುವ ತಂಡ ಕಟ್ಟಿಕೊಂಡು ಹಾಡುತ್ತಿದ್ದರು. 1939ರಲ್ಲಿ ಅದೇ ಕಂಪನಿಯ ಸ್ಟುಡಿಯೋದಲ್ಲಿ ‘ಎಂಬೂಬೆ’, ಅಂದರೆ ‘ಸಿಂಹ’, ಅನ್ನುವ ಹಾಡು ರೆಕಾರ್ಡ್ ಆಯಿತು. ದನ ಕಾಯುವ ಹುಡುಗರು ಸಿಂಹ ಓಡಿಸುತ್ತಿದ್ದ ಬಾಲ್ಯದ ನೆನಪೇ ಹಾಡಿನ ಹುರುಳು. ಮೊದಲೆರಡು ಸಲ ಸರಿಬರಲಿಲ್ಲ. ಮೂರನೇ ಸಲ ಲಿಂಡಾ ಎತ್ತರದ ದನಿಯಲ್ಲಿ ಏನೋ ಒಂದು ಎಳೆ ಎಳೆದರು. ಮೊದಲೇ ಕೂಡಿಸಿಟ್ಟದ್ದಲ್ಲ, ಆ ಗಳಿಗೆಗೆ ಬಾಯಿಗೆ ಬಂದದ್ದು. ಆ ಎಳೆ ಮುಂದೆ ಕೋಟಿಗಟ್ಟಲೆ ದುಡ್ಡು ದುಡಿಯಿತು.

ಲಿಂಡಾ ಕೈಗೆ ಬಂದದ್ದು ಎಷ್ಟು? ಹಾಡಿನ ಹಕ್ಕು ಬಿಟ್ಟುಕೊಟ್ಟಿದ್ದಕ್ಕೆ ಹತ್ತು ಶಿಲ್ಲಿಂಗ್.

ಆಫ್ರಿಕಾದಲ್ಲಿ ಹಾಡು ಹತ್ತು ವರ್ಷದಲ್ಲಿ ಲಕ್ಷದ ಹತ್ತಿರ ತಟ್ಟೆ ಮಾರಿತು. ಆ ಬಗೆಯ ಗಾಯನಕ್ಕೇ ಜನ ‘ಎಂಬೂಬೆ’ ಅಂತ ಹೆಸರಿಟ್ಟರು. ಜನಪದ ಸಂಗ್ರಾಹಕ ಅಲನ್ ಲೋಮ್ಯಾಕ್ಸ್ ಕೈಯಿಂದ ತಟ್ಟೆ ಸೀಗರ್ ಮನೆ ಸೇರಿತು. ಸೀಗರ್ ಅವರ ‘ದಿ ವೀವರ್ಸ್’ ತಂಡದ ‘ವೀಮೊವೆ’ 1952ರಲ್ಲಿ ಅಮೆರಿಕದಲ್ಲಿ ಜನಪ್ರಿಯವಾಯಿತು. ಬರೆದವರ ಜಾಗದಲ್ಲಿ ಇದ್ದ ಹೆಸರು ‘ಪಾಲ್ ಕ್ಯಾಂಪ್‌ಬೆಲ್’. ಅಂಥ ಮನುಷ್ಯನೇ ಇರಲಿಲ್ಲ. ಹಳೇ ಜನಪದ ಹಾಡುಗಳ ರಾಯಲ್ಟಿ ಪಡೆಯಲು ವೀವರ್ಸ್ ತಂಡ ಮತ್ತು ಅವರ ಪ್ರಕಾಶಕರು ಬಳಸುತ್ತಿದ್ದ ಸುಳ್ಳು ಹೆಸರು ಅದು. 1961ರಲ್ಲಿ ‘ದಿ ಟೋಕನ್ಸ್’ ತಂಡಕ್ಕಾಗಿ ಜಾರ್ಜ್ ಡೇವಿಡ್ ವೈಸ್ ಅನ್ನುವವರು ಲಿಂಡಾ ಎಳೆದಿದ್ದ ಆ ಎಳೆಗೇ ಇಂಗ್ಲಿಷ್ ಸಾಲು ಕೂರಿಸಿದರು. ‘ದಿ ಲಯನ್ ಸ್ಲೀಪ್ಸ್ ಟುನೈಟ್’ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಲಿಂಡಾ ಹಾಡಿನಲ್ಲಿ ಸಿಂಹವನ್ನು ಓಡಿಸುತ್ತಿದ್ದರು. ಇಲ್ಲಿ ಅದು ಮಲಗಿಬಿಟ್ಟಿತ್ತು.

ಮರುವರ್ಷ, 1962ರಲ್ಲಿ, ಕಿಡ್ನಿ ಕಾಯಿಲೆಯಿಂದ ಲಿಂಡಾ ತೀರಿಕೊಂಡರು. ಸಮಾಧಿಗೆ ಒಂದು ಕಲ್ಲು ನೆಡಿಸಲೂ ಮನೆಯವರಲ್ಲಿ ದುಡ್ಡಿರಲಿಲ್ಲ.

ಇದನ್ನು ಓದಿದರೆ ‘ಕವರ್ ಅಂದರೆ ಕಳ್ಳತನ’ ಅನಿಸಬಹುದು. ಅಷ್ಟು ಸುಲಭವಲ್ಲ. ಕವರ್ ಅಂದರೆ ಒಬ್ಬರ ಹಾಡನ್ನು ಇನ್ನೊಬ್ಬರು ಹಾಡುವುದು. ಅದು ಅಮೆರಿಕದಲ್ಲಿ ನೂರಕ್ಕೂ ಜಾಸ್ತಿ ವರ್ಷದಿಂದ ಕಾನೂನೇ ಒಪ್ಪಿದ ಕೆಲಸ. ಅದರ ಬೇರು ಇರುವುದು ಗಾಯಕರಲ್ಲಿ ಅಲ್ಲ, ತಾನಾಗಿ ನುಡಿಯುವ ಪಿಯಾನೋದಲ್ಲಿ. ತೂತು ಕೊರೆದ ಕಾಗದದ ಸುರುಳಿ ಹಾಕಿದರೆ ಆ ಪಿಯಾನೋ ಹಾಡು ನುಡಿಸುತ್ತಿತ್ತು. ಸುರುಳಿ ಮಾಡುವವರು ಹಾಡು ಬರೆದವರಿಗೆ ದುಡ್ಡು ಕೊಡಬೇಕಾ? ಬೇಡ, ಮನುಷ್ಯ ಓದಲಾಗದ ಸುರುಳಿ ಹಾಡಿನ ಪ್ರತಿ ಅಲ್ಲ ಅಂತ 1908ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಬರೆದವರು ಸಿಟ್ಟಾದರು. 1909ರಲ್ಲಿ ಅಲ್ಲಿನ ಸಂಸತ್ತಾದ ಕಾಂಗ್ರೆಸ್ ಮಧ್ಯದ ದಾರಿ ಹುಡುಕಿತು. ದುಡ್ಡು ಕೊಡಲೇಬೇಕು, ಪ್ರತಿಯೊಂದಕ್ಕೆ ಎರಡು ಸೆಂಟ್. ಆದರೆ ಒಂದು ಕಂಪನಿಗೆ ಹಾಡು ಕೊಟ್ಟ ಮೇಲೆ ಇನ್ನೊಂದು ಕಂಪನಿಗೆ ‘ಕೊಡಲ್ಲ’ ಅನ್ನುವ ಹಾಗಿಲ್ಲ. ಇಲ್ಲದಿದ್ದರೆ ದೊಡ್ಡ ಪಿಯಾನೋ ಕಂಪನಿಯೊಂದೇ ಎಲ್ಲ ಹಾಡನ್ನೂ ಬಾಚಿಕೊಳ್ಳುತ್ತದೆ ಅನ್ನುವ ಭಯ ಇತ್ತು. ಎರಡು ಸೆಂಟ್ ದರ 1978ರವರೆಗೂ ಅಲ್ಲಾಡಲಿಲ್ಲ.

ಈ ಕಾನೂನಿನಲ್ಲಿ ಒಂದು ಸೂಕ್ಷ್ಮ ಇದೆ. ದುಡ್ಡು ಹೋಗುವುದು ಹಾಡು *ಬರೆದವರಿಗೆ*. ಮೊದಲು *ಹಾಡಿದವರಿಗೆ* ಅಲ್ಲ. ಹಾಗಾಗಿ ಕವರ್ ಹಿಟ್ ಆದಾಗ ಮೊದಲಿನವರು ಉದ್ಧಾರ ಆದರಾ, ಹಾಳಾದರಾ ಅನ್ನುವುದು ಎರಡನೆಯವರ ಕಂಠದ ಮೇಲೆ ನಿಂತಿಲ್ಲ. ಕಾಗದದ ಮೇಲೆ ಯಾರ ಹೆಸರಿತ್ತು, ಆ ಕಾಗದ ಯಾರ ಬೀರುವಿನಲ್ಲಿತ್ತು ಅನ್ನುವುದರ ಮೇಲೆ ನಿಂತಿದೆ.

‘ಹೌಂಡ್ ಡಾಗ್’ ತಗೊಳ್ಳಿ. ಎಲ್ವಿಸ್ ಪ್ರೀಸ್ಲಿ ಹಾಡು ಅಂತಲೇ ಎಲ್ಲರೂ ಹೇಳುವುದು. ಜೆರ್ರಿ ಲೀಬರ್, ಮೈಕ್ ಸ್ಟೋಲರ್ ಅನ್ನುವ ಹತ್ತೊಂಬತ್ತರ ಹುಡುಗರಿಬ್ಬರು ಅದನ್ನು ಬರೆದದ್ದು ಬಿಗ್ ಮಾಮಾ ಥಾರ್ನ್‌ಟನ್ ಅನ್ನುವ ಕಪ್ಪು ಗಾಯಕಿಗಾಗಿ. 1952ರಲ್ಲಿ ರೆಕಾರ್ಡ್ ಆಗಿ, 1953ರಲ್ಲಿ ಕಪ್ಪು ಜನರ ಸಂಗೀತದ ಪಟ್ಟಿಯಲ್ಲಿ ಏಳು ವಾರ ಮೊದಲ ಸ್ಥಾನದಲ್ಲಿತ್ತು. ಬಿಟ್ಟಿ ಊಟಕ್ಕೆ ಮನೆ ಬಾಗಿಲು ಕಾಯುವ ಗಂಡಸಿಗೆ ಹೆಣ್ಣೊಬ್ಬಳು ಮಂಗಳಾರತಿ ಮಾಡುವ ಹಾಡು ಅದು. ಲಾಸ್ ವೇಗಸ್‌ನ ಒಂದು ತಂಡ ಅದರ ಸಾಲು ಬದಲಾಯಿಸಿ, ಮೊಲ ಹಿಡಿಯಲಾಗದ ನಾಯಿಯ ಹಾಡು ಮಾಡಿತು. 1956ರಲ್ಲಿ ಎಲ್ವಿಸ್ ಕೇಳಿದ್ದು, ಹಾಡಿದ್ದು ಈ ನಾಯಿ ಹಾಡನ್ನೇ. ಮೂಲದ ಖಾರವೆಲ್ಲ ಹೋಯಿತು, ಕುಣಿತ ಉಳಿಯಿತು. ಎಲ್ವಿಸ್ ಹಾಡಿದ್ದು ಚೆನ್ನಾಗಿಲ್ಲ ಅಂತಲ್ಲ. ಆದರೆ ಎರಡನ್ನೂ ಒಂದರ ಹಿಂದೊಂದು ಕೇಳಿದರೆ ಯಾರು ಬೈಯುತ್ತಿದ್ದಾರೆ, ಯಾರು ಆಡುತ್ತಿದ್ದಾರೆ ಅಂತ ಗೊತ್ತಾಗುತ್ತದೆ. ಥಾರ್ನ್‌ಟನ್ ಈ ಹಾಡಿನಿಂದ ತಮಗೆ ಸಿಕ್ಕಿದ್ದು ಐನೂರು ಡಾಲರ್‌ನ ಒಂದು ಚೆಕ್ ಅಂತ ಹೇಳುತ್ತಿದ್ದರು. ಅವರು ಬರೆದವರಲ್ಲವಲ್ಲ.

ಮುಂದೆ ‘ಬಾಲ್ ಅಂಡ್ ಚೈನ್’ ಅನ್ನುವ ಹಾಡನ್ನು ಅವರೇ ಬರೆದರು. ಜಾನಿಸ್ ಜಾಪ್ಲಿನ್ ಅದನ್ನು ಹಾಡಿ ದೊಡ್ಡ ಹೆಸರು ಮಾಡಿದರು. ಬರೆದವರು ಥಾರ್ನ್‌ಟನ್ ಅಂತ ಜಗತ್ತಿಗೇ ಗೊತ್ತಿತ್ತು. ಹಕ್ಕು ಮಾತ್ರ ಒಂದು ಸಣ್ಣ ರೆಕಾರ್ಡ್ ಕಂಪನಿಯ ಕೈಯಲ್ಲಿತ್ತು.

ಈ 50ರ ದಶಕದಲ್ಲೇ ‘ಕವರ್’ ಅನ್ನುವ ಮಾತಿಗೆ ಕೆಟ್ಟ ವಾಸನೆ ಅಂಟಿದ್ದು. ಕಪ್ಪು ಗಾಯಕರ ಹಾಡು ಏರುತ್ತಿರುವಾಗಲೇ ಅದೇ ವಾದ್ಯ, ಅದೇ ಲಯ ಇಟ್ಟುಕೊಂಡು ಬಿಳಿ ಗಾಯಕರ ತಟ್ಟೆ ಬರುತ್ತಿತ್ತು. ಅನೇಕ ರೇಡಿಯೋಗಳು ಬಿಳಿಯರದ್ದನ್ನೇ ಹಾಕುತ್ತಿದ್ದವು. ‘ಟ್ವೀಡಲ್ ಡೀ’ ಹಾಡಿದ ಲಾವರ್ನ್ ಬೇಕರ್ 1955ರಲ್ಲಿ ಕಾಂಗ್ರೆಸ್ ಸದಸ್ಯರಿಗೇ ಪತ್ರ ಬರೆದು, ಹೀಗೆ ಚಾಚೂ ತಪ್ಪದೆ ನಕಲು ಮಾಡುವುದನ್ನು ತಡೆಯಿರಿ ಅಂತ ಕೇಳಿಕೊಂಡರು. ಕೆಲಸವಾಗಲಿಲ್ಲ. ತಮ್ಮ ಹಾಡನ್ನು ನಕಲು ಮಾಡಿದ ಜಾರ್ಜಿಯಾ ಗಿಬ್ಸ್ ಹೆಸರಿಗೆ ಬೇಕರ್ ವಿಮಾನ ಹತ್ತುವ ಮುಂಚೆ ವಿಮೆ ಮಾಡಿಸಿದರಂತೆ. ‘ನಾನು ಸತ್ತರೆ ಆಕೆಗೆ ಕೆಲಸವಿರಲ್ಲ’ ಅನ್ನುವ ಚುಚ್ಚು ಅದು. ಕಥೆ ಎಷ್ಟು ನಿಜವೋ, ಆದರೆ ಸಿಟ್ಟು ನಿಜ.

ಕಾಗದ ತಮ್ಮ ಕೈಯಲ್ಲೇ ಇಟ್ಟುಕೊಂಡವರ ಕಥೆ ಬೇರೆ. ಡಾಲಿ ಪಾರ್ಟನ್ ‘ಐ ವಿಲ್ ಆಲ್ವೇಸ್ ಲವ್ ಯೂ’ ಬರೆದು ಹಾಡಿದ್ದು. 1974ರಲ್ಲಿ ಹಿಟ್ ಆಯಿತು. ಪ್ರೇಮಿಗೆ ಬರೆದದ್ದಲ್ಲ. ಏಳು ವರ್ಷ ಜೊತೆಗೆ ಹಾಡಿದ ಪೋರ್ಟರ್ ವ್ಯಾಗನರ್ ಅವರಿಗೆ ‘ಇನ್ನು ನಾನು ಹೊರಟೆ’ ಅಂತ ಹೇಳಲು ಬರೆದದ್ದು. ಎಲ್ವಿಸ್ ಅದನ್ನು ಹಾಡಲು ಆಸೆಪಟ್ಟರು. ಅವರ ಮ್ಯಾನೇಜರ್ ಕರ್ನಲ್ ಪಾರ್ಕರ್ ಮಾತ್ರ ಪ್ರಕಾಶನ ಹಕ್ಕಿನಲ್ಲಿ ಅರ್ಧ ಬೇಕು ಅಂದರು. ಎಲ್ವಿಸ್ ಹಾಡುವುದು ಅಂದರೆ ಆ ಕಾಲಕ್ಕೆ ಸಣ್ಣ ಮಾತಾ? ಪಾರ್ಟನ್ ರಾತ್ರಿಯಿಡೀ ಅತ್ತರು, ಆದರೆ ಕೊಡಲಿಲ್ಲ. 1992ರಲ್ಲಿ ‘ದಿ ಬಾಡಿಗಾರ್ಡ್’ ಸಿನಿಮಾಕ್ಕೆ ವಿಟ್ನಿ ಹ್ಯೂಸ್ಟನ್ ಅದನ್ನು ಹಾಡಿದರು. ಶುರುವಿನಲ್ಲಿ ವಾದ್ಯವೇ ಬೇಡ, ಬರೀ ಕಂಠ ಇರಲಿ ಅಂದವರು ನಟ ಕೆವಿನ್ ಕಾಸ್ಟ್ನರ್. ಹದಿನಾಲ್ಕು ವಾರ ಅಮೆರಿಕದಲ್ಲಿ ಮೊದಲ ಸ್ಥಾನ. ಇವತ್ತು ಆ ಹಾಡು ಅಂದರೆ ವಿಟ್ನಿಯೇ. ಪಾರ್ಟನ್‌ಗೆ ಬೇಜಾರಿಲ್ಲ. ರಾಯಲ್ಟಿ ಅವರ ಮನೆಗೇ ಬಂತಲ್ಲ!

‘ರೆಸ್ಪೆಕ್ಟ್’ ಇನ್ನೂ ವಿಚಿತ್ರ. ಓಟಿಸ್ ರೆಡ್ಡಿಂಗ್ 1965ರಲ್ಲಿ ಬರೆದು ಹಾಡಿದಾಗ, ಅದು ದುಡಿದು ಮನೆಗೆ ಬಂದ ಗಂಡ ‘ಸ್ವಲ್ಪ ಮರ್ಯಾದೆ ಕೊಡು’ ಅಂತ ಕೇಳುವ ಹಾಡು. 1967ರಲ್ಲಿ ಅರೀಥಾ ಫ್ರಾಂಕ್ಲಿನ್ ಅದೇ ಮಾತನ್ನು ಹೆಂಗಸಿನ ಬಾಯಿಗೆ ಕೊಟ್ಟರು. ‘ರೆಸ್ಪೆಕ್ಟ್’ ಪದದ ಒಂದೊಂದು ಅಕ್ಷರ ಬಿಡಿಸಿ ಹೇಳುವ ಭಾಗ ಅವರದೇ ಸೇರ್ಪಡೆ. ಹೆಣ್ಣುಮಕ್ಕಳ ಚಳವಳಿಗೂ ಕಪ್ಪು ಜನರ ಚಳವಳಿಗೂ ಅದು ಘೋಷಣೆಯೇ ಆಯಿತು. ಆ ಹುಡುಗಿ ನನ್ನ ಹಾಡು ಕಿತ್ತುಕೊಂಡಳು ಅಂತ ರೆಡ್ಡಿಂಗ್ ವೇದಿಕೆಯಲ್ಲೇ ನಗುತ್ತಾ ಹೇಳಿದ್ದರು. ಆದರೆ ಅಮೆರಿಕದ ಮಾಮೂಲಿ ರೇಡಿಯೋ ಹಾಡಿದವರಿಗೆ ರಾಯಲ್ಟಿ ಕೊಡುವುದಿಲ್ಲ, ಬರೆದವರಿಗಷ್ಟೇ. ಹಾಗಾಗಿ ಅರೀಥಾ ಕಂಠ ಅಷ್ಟು ವರ್ಷ ಅಲ್ಲಿನ ರೇಡಿಯೋದಲ್ಲಿ ಕೇಳಿಬಂದರೂ ಪ್ರಸಾರದ ಹಣ ಹೋದದ್ದು ರೆಡ್ಡಿಂಗ್ ಕಡೆಗೆ. ಇಲ್ಲಿ ಲೆಕ್ಕ ತಿರುಗುಮುರುಗು. ಹಾಡಿಗೆ ಜೀವ ಕೊಟ್ಟವರ ಕೈ ಖಾಲಿ.

ನಮ್ಮ ಕಡೆ ಈ ಹೆಸರಿನ ಸಮಸ್ಯೆಗೆ ಬಹಳ ಹಿಂದೆಯೇ ಒಂದು ಉಪಾಯ ಇತ್ತು. ಅಂಕಿತ. ದಾಸರ ಪದವನ್ನು ಯಾರೇ ಹಾಡಲಿ, ಯಾವ ರಾಗಕ್ಕೇ ಹಾಕಲಿ, ಕೊನೆಗೆ ‘ಪುರಂದರ ವಿಠಲ’ ಬರಲೇಬೇಕು. ಹೆಸರು ಕಾಗದದ ಮೇಲಿಲ್ಲ, ಹಾಡಿನ ಹೊಟ್ಟೆಯಲ್ಲಿದೆ. ಪುರಂದರದಾಸರು ಸ್ವತಃ ಹಾಡಿದ ಮಟ್ಟುಗಳು ಬಹುಪಾಲು ನಮಗೆ ಉಳಿದಿಲ್ಲ. ಆ ಲೆಕ್ಕದಲ್ಲಿ ಭೀಮಸೇನ ಜೋಶಿಯವರ ‘ಭಾಗ್ಯದ ಲಕ್ಷ್ಮೀ ಬಾರಮ್ಮ’ ಕೂಡ ಕವರ್ರೇ ಅನ್ನಬಹುದೇನೋ. ಸುಮ್ನೆ ತಮಾಷೆಗೆ ಹೇಳಿದೆ. ರಾಯಲ್ಟಿ ಕೇಳುವವರೇ ಇಲ್ಲದ ಕಾಲದ ಮಾತು ಅದು.

ರಾಯಲ್ಟಿ ಬಂದ ಮೇಲೆ ನಮ್ಮಲ್ಲೂ ಜಗಳ ಬಂತು. 1957ರ ಕಾಪಿರೈಟ್ ಕಾಯಿದೆಯಲ್ಲಿ, ಮೊದಲ ರೆಕಾರ್ಡ್ ಬಂದ ಮೇಲೆ ಮಾಲೀಕರಿಗೆ ತಿಳಿಸಿ, ರಾಯಲ್ಟಿ ಕಟ್ಟಿ ಬೇರೆಯವರು ಹಾಡಿಸಬಹುದು ಅಂತ ಅವಕಾಶ ಇತ್ತು. 80ರ ದಶಕದಲ್ಲಿ ಕ್ಯಾಸೆಟ್ ಅಗ್ಗವಾದಾಗ ಗುಲ್ಶನ್ ಕುಮಾರ್ ಅವರ ಟಿ-ಸೀರೀಸ್ ಈ ಬಾಗಿಲನ್ನು ಚೆನ್ನಾಗಿಯೇ ಬಳಸಿಕೊಂಡಿತು. ರಫಿ, ಕಿಶೋರ್, ಲತಾ ಅವರ ಮೂಲ ಹಾಡುಗಳು ಎಚ್‌ಎಂವಿ ಕೈಯಲ್ಲಿದ್ದವು. ಟಿ-ಸೀರೀಸ್ ಅವನ್ನೇ ಹೊಸ ಕಂಠಗಳಲ್ಲಿ ಹಾಡಿಸಿ ಮಾರಿತು. ಸೋನು ನಿಗಮ್ ರಫಿ ಹಾಡುಗಳನ್ನು ಹಾಡಿಯೇ ಮೊದಲು ಗುರುತಾದದ್ದು. ಕ್ಯಾಸೆಟ್ ಮೇಲೆ ದೊಡ್ಡದಾಗಿ ಸಿನಿಮಾ ಹೆಸರು ನೋಡಿ ತಂದು, ಮನೆಯಲ್ಲಿ ಹಾಕಿ, ‘ಇದು ಅವರ ದನಿ ಅಲ್ವಲ್ಲ’ ಅಂದವರು ಆ ಕಾಲದಲ್ಲಿ ಬೇಕಾದಷ್ಟು ಜನ.

2012ರ ತಿದ್ದುಪಡಿ ಇದಕ್ಕೆ ಬಿಗಿ ಹಾಕಿತು. ಈಗ ಐದು ವರ್ಷ ಕಾಯಬೇಕು. ವರ್ಷಕ್ಕೆ ಕನಿಷ್ಠ 50,000 ಪ್ರತಿಯ ರಾಯಲ್ಟಿ ಕಟ್ಟಬೇಕು. ಕವರ್ ಅಂತ ಹೊದಿಕೆಯ ಮೇಲೆ ಬರೆಯಬೇಕು. ಅದೇ ತಿದ್ದುಪಡಿಯಲ್ಲಿ ಇನ್ನೊಂದು ದೊಡ್ಡ ಬದಲಾವಣೆ ಬಂತು. ಸಿನಿಮಾ ಹಾಡು ಬರೆದವರು, ಸಂಗೀತ ಕೊಟ್ಟವರು ಎಲ್ಲ ಹಕ್ಕು ಬರೆದುಕೊಟ್ಟರೂ ರಾಯಲ್ಟಿಯ ಸಮಪಾಲನ್ನು ಬಿಟ್ಟುಕೊಡಲು ಬರುವುದಿಲ್ಲ. ರಾಜ್ಯಸಭೆಯಲ್ಲಿ ಇದಕ್ಕಾಗಿ ಹಟ ಹಿಡಿದವರು ಸ್ವತಃ ಹಾಡು ಬರೆಯುವ ಜಾವೇದ್ ಅಖ್ತರ್.

ಹತ್ತು ಶಿಲ್ಲಿಂಗ್‌ಗೆ ಹಕ್ಕು ಬಿಟ್ಟುಕೊಟ್ಟ ಲಿಂಡಾಗೂ ಇಂಥದೇ ಒಂದು ಕಾನೂನು ಕೊನೆಗೆ ನೆರವಾಯಿತು, ಸತ್ತು ನಲವತ್ತು ವರ್ಷ ಆದ ಮೇಲೆ. 2000ದಲ್ಲಿ ದಕ್ಷಿಣ ಆಫ್ರಿಕಾದ ಪತ್ರಕರ್ತ ರಿಯಾನ್ ಮಲಾನ್ ‘ರೋಲಿಂಗ್ ಸ್ಟೋನ್’ ಪತ್ರಿಕೆಯಲ್ಲಿ ಈ ಕಥೆಯನ್ನೆಲ್ಲ ಬರೆದರು. ಲಯನ್ ಕಿಂಗ್ ಸಿನಿಮಾ ಮತ್ತು ನಾಟಕದಿಂದಲೇ ಹಾಡು ಒಂದೂವರೆ ಕೋಟಿ ಡಾಲರ್ ದುಡಿದಿರಬಹುದು ಅಂತ ಅವರ ಅಂದಾಜು. ಆಗ ಓವನ್ ಡೀನ್ ಅನ್ನುವ ವಕೀಲರು 1911ರ ಬ್ರಿಟಿಷ್ ಕಾಯಿದೆಯ ಒಂದು ಮೂಲೆ ಹುಡುಕಿ ತೆಗೆದರು. ಬರೆದವರು ಹಕ್ಕು ಯಾರಿಗೇ ಮಾರಿರಲಿ, ಸತ್ತ 25 ವರ್ಷಕ್ಕೆ ಅದು ವಾರಸುದಾರರಿಗೆ ಮರಳುತ್ತದೆ ಅನ್ನುವ ನಿಯಮ. ಅಂದರೆ 1987ರಿಂದ ಹಾಡು ಲಿಂಡಾ ಮಕ್ಕಳದು! 2004ರಲ್ಲಿ ಡಿಸ್ನಿ ಮೇಲೆ ದಾವೆ ಬಿತ್ತು. ದಕ್ಷಿಣ ಆಫ್ರಿಕಾದ ಕೋರ್ಟು ಆ ದೇಶದಲ್ಲಿದ್ದ ಡಿಸ್ನಿ ಟ್ರೇಡ್‌ಮಾರ್ಕುಗಳನ್ನು, ಮಿಕ್ಕಿ ಮೌಸ್ ಸಮೇತ, ಜಪ್ತಿ ಮಾಡಿತು. 2006ರಲ್ಲಿ ರಾಜಿಯಾಯಿತು. ಹಳೇ ಬಾಕಿಯ ದುಡ್ಡು ಬಂತು. ಹಾಡು ಕಟ್ಟಿದವರ ಸಾಲಿನಲ್ಲಿ ಸಾಲೊಮನ್ ಲಿಂಡಾ ಹೆಸರೂ ಸೇರಿತು. ಅಷ್ಟು ಹೊತ್ತಿಗೆ ಉಳಿದಿದ್ದವರು ಮೂವರು ಹೆಣ್ಣುಮಕ್ಕಳು. ಇನ್ನೊಬ್ಬ ಮಗಳು 2001ರಲ್ಲಿ ಏಡ್ಸ್‌ನಿಂದ ತೀರಿಕೊಂಡಿದ್ದರು. ಚಿಕಿತ್ಸೆಗೆ ದುಡ್ಡಿರಲಿಲ್ಲ.

1939ರ ಆ ತಟ್ಟೆಯ ಹಾಡು ಈಗ ಅಂತರ್ಜಾಲದಲ್ಲಿ ಸಿಗುತ್ತದೆ. ಮೂರು ನಿಮಿಷವೂ ಇಲ್ಲ. ಹಿಂದೆ ಗಂಡಸರ ದಪ್ಪ ದನಿಗಳು ‘ಉಯಿಂಬೂಬೆ, ಉಯಿಂಬೂಬೆ’ ಅನ್ನುತ್ತಲೇ ಇರುತ್ತವೆ, ಮೇಲೆ ಲಿಂಡಾ ದನಿ ತೇಲುತ್ತದೆ. ನಮಗೆಲ್ಲ ಗೊತ್ತಿರುವ ಆ ಧಾಟಿಗಾಗಿ ಕಾಯಬೇಕು. ಎಲ್ಲಿ, ಬರಲೇ ಇಲ್ಲವಲ್ಲ ಅಂದುಕೊಳ್ಳುವ ಹೊತ್ತಿಗೆ, ಹಾಡು ಮುಗಿಯುವ ಮುಂಚೆ, ಅದು ಬಂದು ಹೋಗುತ್ತದೆ.